ಡೆಡ್‌ವುಡ್ ಊರಿನ ಬಯ್ಗುಳ

ಗತಿಸಿದ ಕಾಲದ ಜನರು ಏನನ್ನು ಉಟ್ಟರು, ಏನನ್ನು ಉಂಡರು, ಯಾವ ನಾಣ್ಯದಿಂದ ವ್ಯವಹರಿಸಿದರು ಎಂಬುದನ್ನು ಚರಿತ್ರಕಾರನು ಹೇಗೋ ಹವಣಿಸಿ ಹೇಳಬಲ್ಲನು. ಆದರೆ ಅವರು ಸಿಟ್ಟಿಗೆದ್ದಾಗ ಏನೆಂದು ಬಯ್ದರು ಎಂದು ಕೇಳಿದರೆ ಅವನು ತಡವರಿಸುವನು. ಶಾಸನಗಳ ಕೊನೆಯಲ್ಲಿ ಶಾಪಾಶಯವುಂಟು, ಬೀದಿಯ ಬಯ್ಗುಳವಿಲ್ಲ. ಬರೆಯಬಲ್ಲವರು ಅದನ್ನು ಬರೆಯಲಿಲ್ಲ. ಬಯ್ದವರಿಗೆ ಬರೆಯಬೇಕೆಂಬ ಹಂಬಲವಿರಲಿಲ್ಲ. ಈ ಕೊರತೆಯು ಚಿಕ್ಕದೆಂದು ತೋರಬಹುದು. ಆದರೆ ಇದನ್ನೇ ಕುರಿತು ಅಮೆರಿಕ ದೇಶದಲ್ಲಿ ಇಪ್ಪತ್ತು ವರ್ಷಗಳಿಂದ ನಾಟಕಪ್ರಿಯರಿಗೂ ನಿಘಂಟುಕಾರರಿಗೂ ನಡುವೆ ಒಂದು ಸ್ವಾರಸ್ಯವಾದ ವಾದವು ನಡೆದುಬಂದಿರುವುದರಿಂದ ಅದನ್ನು ವಾಚಕರ ಮುಂದಿಡಲು ಮನಸ್ಸಾಗಿದೆ.

2004ನೆಯ ಇಸವಿಯ ಮಾರ್ಚ್ ತಿಂಗಳಲ್ಲಿ ಆ ದೇಶದ ಎಚ್‌ಬಿಓ ವಾಹಿನಿಯಲ್ಲಿ ‘ಡೆಡ್‌ವುಡ್’ ಎಂಬ ದೂರದರ್ಶನ ನಾಟಕವು ಆರಂಭವಾಯಿತು. 2006ರವರೆಗೆ ಮೂರು ಋತುಗಳಲ್ಲಿ 36 ಕಂತುಗಳಾಗಿ ನಡೆದು, 2019ರಲ್ಲಿ ಒಂದು ಚಲನಚಿತ್ರದೊಡನೆ ಮುಕ್ತಾಯಗೊಂಡಿತು. ಕರ್ತೃವು ಡೇವಿಡ್ ಮಿಲ್ಚ್. ಹಿಂದೆ ಯೇಲ್ ವಿಶ್ವವಿದ್ಯಾನಿಲಯದಲ್ಲಿ ಸಾಹಿತ್ಯವನ್ನು ಬೋಧಿಸಿದವನು. ಇವನು ಮೊದಲು ಬರೆಯಲೆಳಸಿದ್ದುದು ನೀರೋ ಚಕ್ರವರ್ತಿಯ ಕಾಲದ ರೋಮಾಪುರಿಯ ಕಾವಲುಗಾರರನ್ನು ಕುರಿತು. ಕಾನೂನು ಇಲ್ಲದೆಡೆ ಜನರು ಹೇಗೆ ಕಟ್ಟಿಗೊಳಗಾಗುವರೆಂಬುದು ಅವನ ವಿಷಯ. ವಾಹಿನಿಯವರ ಕೈಯಲ್ಲಿ ರೋಮಿನ ನಾಟಕವೊಂದು ಆಗಲೇ ಇದ್ದುದರಿಂದ, ಅದೇ ವಿಷಯವನ್ನು ಅವನು ಅಮೆರಿಕದ ಪಡುವಣ ಸೀಮೆಗೆ ಒಯ್ದನು. ನಾಟಕವನ್ನು ನೋಡಿದವರಿಗೆ ಮೊದಲು ಕಿವಿಗೆ ಬಿದ್ದುದು ಅದರ ಬಯ್ಗುಳ. ಲೈಂಗಿಕವಾದ ಹೊಲಸು ಮಾತುಗಳು ಒಂದೊಂದು ಕಂತಿನಲ್ಲಿಯೂ ಹತ್ತಾರು ಸಲ ಬರುವುವು. ಅವುಗಳನ್ನು ಕುಳಿತು ಎಣಿಸಿದ ಅಭಿಮಾನಿಗಳೂ ಉಂಟು. ಎಣಿಸಿದ್ದು ಸಾಲದೆ ಕೇಳಿದರು: 1876ರ ಜನರು ನಿಜವಾಗಿ ಹೀಗೆ ಮಾತಾಡಿದರೇ?

ಈ ಪ್ರಶ್ನೆಗೆ ಮೊದಲು ಊರಿನ ಕಥೆಯನ್ನು ಕೇಳಬೇಕು. ದಕೋಟ ಪ್ರಾಂತದ ಬ್ಲ್ಯಾಕ್ ಹಿಲ್ಸ್, ಎಂದರೆ ಕರಿಬೆಟ್ಟಗಳು, 1868ರ ಫೋರ್ಟ್ ಲ್ಯಾರಮಿ ಒಪ್ಪಂದದಂತೆ ಲಕೋಟಾ ಜನರ ಸ್ವತ್ತಾಗಿದ್ದುವು. ಬಿಳಿಯರು ಅಲ್ಲಿ ನೆಲಸಕೂಡದೆಂದು ಸಂಯುಕ್ತ ಸಂಸ್ಥಾನಗಳ ಸರಕಾರವೇ ವಾಗ್ದಾನವಿತ್ತಿದ್ದಿತು. ಆರು ವರ್ಷ ತುಂಬುವಷ್ಟರಲ್ಲಿ, 1874ರಲ್ಲಿ, ಕಸ್ಟರ್ ಎಂಬ ಸೇನಾನಿಯು ದಂಡಿನೊಡನೆ ಆ ಬೆಟ್ಟಗಳನ್ನು ಹೊಕ್ಕು, ಅಲ್ಲಿ ಹೊನ್ನಿದೆಯೆಂದು ಸುದ್ದಿ ಕಳುಹಿಸಿದನು. ಮುಂದೆ ಆದುದನ್ನು ಊಹಿಸುವುದು ಕಷ್ಟವಲ್ಲ. 1876ರ ವಸಂತದಲ್ಲಿ, ಒಣಗಿದ ಮರಗಳು ತುಂಬಿದ್ದ ಒಂದು ಇಕ್ಕಟ್ಟಾದ ಕಣಿವೆಯಲ್ಲಿ ಗುಡಾರಗಳೂ ಹಲಗೆಯ ಮನೆಗಳೂ ಎದ್ದುವು. ನಮ್ಮ ಕಪ್ಪತಗುಡ್ಡದ ಹಳ್ಳಗಳಲ್ಲಿ ಮರಳನ್ನು ತೊಳೆದು ಹೊನ್ನನ್ನಾಯುತ್ತಿದ್ದ ಜಾಲಗಾರರ ಕೆಲಸವನ್ನು ಕೇಳಿ ಬಲ್ಲವರಿಗೆ ಆ ಕಣಿವೆಯ ಕೆಲಸವೂ ಅರ್ಥವಾಗುವುದು. ಮರಿಗೆಯ ಬದಲು ತಗಡಿನ ತಟ್ಟೆ, ಅಷ್ಟೆ. ತಟ್ಟೆಯಲ್ಲಿ ತೊಳೆದಾಗ ಹೊನ್ನು ಉಳಿದರೆ ‘ಪ್ಯಾನ್ ಔಟ್’ ಆಯಿತೆನ್ನುವರು. ಇಂದು ಲಂಡನ್ನಿನ ಗುಮಾಸ್ತನೂ ಎಣಿಸಿದ ಕಾರ್ಯವು ಕೈಗೂಡಿತೆನ್ನಲು ಇದೇ ಮಾತನ್ನಾಡುವನು. ಅದರಲ್ಲಿ ಮರಳು ಇದೆಯೆಂದು ಅವನಿಗೆ ತಿಳಿಯದು.

ಹೀಗೆ ಹುಟ್ಟಿದ ಊರು ಕಾನೂನಿನ ಕಣ್ಣಿಗೆ ಇಲ್ಲದ ಊರು. ಅದರ ಫಲವನ್ನು ಒಂದು ಮೊಕದ್ದಮೆಯಿಂದ ಕಾಣಬಹುದು. 1876ರ ಆಗಸ್ಟ್ 2ರಂದು, ಪಿಸ್ತೂಲಿನ ಕೈಚಳಕಕ್ಕೆ ಹೆಸರಾಗಿದ್ದ ‘ವೈಲ್ಡ್ ಬಿಲ್’ ಹಿಕಾಕನು ಇಸ್ಪೀಟಾಡುತ್ತಿರುವಾಗ, ಜ್ಯಾಕ್ ಮೆಕಾಲ್ ಎಂಬವನು ಹಿಂದಿನಿಂದ ಬಂದು ತಲೆಗೆ ಗುಂಡಿಕ್ಕಿದನು. ಮರುದಿನವೇ ಗಣಿಗಾರರು ನಾಟಕಶಾಲೆಯೊಂದರಲ್ಲಿ ನ್ಯಾಯಸಭೆಯನ್ನು ಕೂಡಿಸಿದರು. ಹಿಕಾಕನು ತನ್ನ ಸಹೋದರನನ್ನು ಕೊಂದವನೆಂದು ಮೆಕಾಲನು ಹೇಳಿದನು. ಸಭೆಯು ಅವನನ್ನು ಬಿಟ್ಟುಬಿಟ್ಟಿತು. ಆಮೇಲೆ ಸರಕಾರದವರು ಅವನನ್ನು ಹಿಡಿದು, ರಾಜಧಾನಿಯಾದ ಯಾಂಕ್ಟನ್ನಿನಲ್ಲಿ ಪುನಃ ವಿಚಾರಿಸಿ ಗಲ್ಲಿಗೇರಿಸಿದರು. ಒಂದೇ ಅಪರಾಧಕ್ಕೆ ಎರಡು ವಿಚಾರಣೆ ಹೇಗೆಂದರೆ: ಡೆಡ್‌ವುಡ್ ಇದ್ದುದು ಇಂಡಿಯನರ ನೆಲದಲ್ಲಿ, ಅಲ್ಲಿ ಕೂಡಿದ ಸಭೆಗೆ ಅಧಿಕಾರವೇ ಇಲ್ಲ, ಆದುದರಿಂದ ಮೊದಲನೆಯದು ವಿಚಾರಣೆಯೇ ಅಲ್ಲ. ತಾರೀಖುಗಳನ್ನು ನೋಡಿದರೆ ನಗಬೇಕೋ ಅಳಬೇಕೋ ತಿಳಿಯದು. ಆ ನೆಲವನ್ನು ಇಂಡಿಯನರಿಂದ ಕಿತ್ತುಕೊಂಡ ಶಾಸನಕ್ಕೆ ಅಂಕಿತ ಬಿದ್ದುದು 1877ರ ಫೆಬ್ರವರಿ 28ರಂದು. ನೆಲವು ಇಂಡಿಯನರದೆಂಬ ಆಧಾರದ ಮೇಲೆ ಮೆಕಾಲನು ಗಲ್ಲಿಗೇರಿದ್ದು ಮರುದಿನ, ಮಾರ್ಚ್ 1ರಂದು.

ನಾಟಕದ ಮುಖ್ಯ ಪಾತ್ರಗಳೂ ಚರಿತ್ರೆಯಿಂದ ಬಂದವು. ಕಬ್ಬಿಣ ಸಾಮಾನಿನ ಅಂಗಡಿಯನ್ನಿಟ್ಟು ಆಮೇಲೆ ಷೆರಿಫನಾದ ಸೆತ್ ಬುಲಕ್, ಅವನ ಪಾಲುಗಾರ ಸಾಲ್ ಸ್ಟಾರ್, ಕೆಲಸ ಕೊಡಿಸುವೆನೆಂದು ನಂಬಿಸಿ ಹೆಂಗಸರನ್ನು ಕರೆತಂದು ಸೂಳೆಗಾರಿಕೆಗೆ ನೂಕಿದ ‘ಜೆಮ್’ ನಾಟಕಶಾಲೆಯ ಒಡೆಯ ಆಲ್ ಸ್ವೆರೆಂಜನ್, ಇವರೆಲ್ಲರೂ ಇದ್ದವರೇ. ಪಾತ್ರಗಳೂ ತಾರೀಖುಗಳೂ ಇಷ್ಟು ನಿಜವಾಗಿರುವಾಗ ಮಾತೂ ನಿಜವಾಗಿರಬೇಕೆಂದು ನೋಡುವವರು ಆಶಿಸಿದುದು ಸಹಜ.

ನಿಘಂಟುಕಾರರ ಉತ್ತರವು ನಿರಾಶೆಯನ್ನುಂಟುಮಾಡುವಂಥದು. ಆ ಹೊಲಸು ಶಬ್ದಗಳು ಅಂದು ಇರಲಿಲ್ಲವೆಂದಲ್ಲ, ಬಹುಪಾಲು ಇದ್ದುವು. ಆದರೆ ಅವುಗಳ ಉಪಯೋಗವು ಬೇರೆ. ಇಂದಿನ ಇಂಗ್ಲಿಷಿನಲ್ಲಿ ಯಾವ ನಾಮಪದದ ಹಿಂದೆ ಬೇಕಾದರೂ ವಿಶೇಷಣವಾಗಿ ನಿಲ್ಲುವ ಆ ಶಬ್ದವು 1876ರಲ್ಲಿ ಹೆಚ್ಚಾಗಿ ತನ್ನ ಮೂಲಾರ್ಥದಲ್ಲಿಯೇ, ಆ ಕ್ರಿಯೆಯನ್ನು ಹೇಳಲೆಂದೇ, ಬಳಕೆಯಾಗುತ್ತಿದ್ದಿತು. ಜನರನ್ನು ನಿಜವಾಗಿ ಬೆಚ್ಚಿಬೀಳಿಸುತ್ತಿದ್ದುದು ದೈವನಿಂದೆ: ದೇವರ ಹೆಸರನ್ನೆತ್ತಿ ‘ನೀನು ನರಕಕ್ಕೆ ಬೀಳು’ ಎನ್ನುವ ಜಾತಿಯ ಬಯ್ಗುಳ. ನರಕವನ್ನು ನಂಬಿದವನ ಮುಂದೆ ಅದು ಬರಿಯ ಮಾತಲ್ಲ. ಅದನ್ನು ಬಾಯಿಬಿಟ್ಟು ಹೇಳಲಂಜಿದವರು ‘ಟಾರ್ನೇಷನ್’ ಎಂದೂ ‘ಗೋಲ್ಡಾರ್ನ್’ ಎಂದೂ ಅಕ್ಷರಗಳನ್ನು ತಿರುಚಿದರು. ‘ನಿನ್ನ ಮನೆ ಹಾಳಾಗ’ ಎನ್ನಲು ಬಾಯಿ ಬಾರದೆ ‘ನಿನ್ನ ಮನೆ ಕಾಯ’ ಎಂದು ಮೊಮ್ಮಗನನ್ನು ಗದರಿಸುವ ನಮ್ಮ ಅಜ್ಜಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಮಿಲ್ಚನಿಗೆ ಇದು ತಿಳಿಯದುದಲ್ಲ. ಅವನ ಸಮಾಧಾನದ ಸಾರವಿಷ್ಟು: ಅಂದಿನ ದೈವನಿಂದೆಯನ್ನು ಅಂದಿನಂತೆಯೇ ಆಡಿಸಿದರೆ ಇಂದಿನವರಿಗೆ ನಡುಕ ಬಾರದು, ನಗು ಬಂದೀತು, ಮಕ್ಕಳ ವ್ಯಂಗ್ಯಚಿತ್ರಗಳಲ್ಲಿ ಮೀಸೆ ಕುಣಿಸುವ ಯೊಸೆಮಿಟಿ ಸ್ಯಾಮನ ಮಾತಿನಂತೆ ಕೇಳಿಸೀತು. ಆದುದರಿಂದ ಶಬ್ದವನ್ನು ಬಿಟ್ಟು, ಶಬ್ದವು ಮಾಡುತ್ತಿದ್ದ ಗಾಯವನ್ನು ಉಳಿಸಿಕೊಂಡೆನೆಂದು ಅವನ ಅಭಿಪ್ರಾಯ. ಇದು ಭಾಷಾಂತರಕಾರನ ನ್ಯಾಯ. ಬೇರೊಂದು ದೇಶದಿಂದ ತರುವಾಗ ನಾವು ಒಪ್ಪುವ ಈ ನ್ಯಾಯವನ್ನು ಬೇರೊಂದು ಕಾಲದಿಂದ ತರುವಾಗ ಒಪ್ಪಬಾರದೇಕೆ? ನಾನಂತೂ ಒಪ್ಪುವೆನು, ಆದರೆ ಒಂದು ಷರತ್ತಿನ ಮೇಲೆ. ಭಾಷಾಂತರವನ್ನು ಮೂಲವೆಂದು ಕರೆಯಬಾರದು. ‘ಅಬ್ಬ, ಎಂಥ ಸಾಚಾ ಭಾಷೆ!’ ಎಂದು ಹೊಗಳುವ ಅಭಿಮಾನಿಗಳು ಈ ತಪ್ಪನ್ನು ಮಾಡುವರು.

ನಿಘಂಟುಕಾರರ ಕಡೆಯಲ್ಲಿಯೂ ಒಂದು ಬಿರುಕುಂಟು. ಅವರ ಸಾಕ್ಷ್ಯವೆಲ್ಲ ಅಚ್ಚಾದುದು. ಡೆಡ್‌ವುಡ್ಡಿನಲ್ಲಿ 1876ರ ಜೂನ್ ತಿಂಗಳಿನಲ್ಲಿಯೇ ‘ಬ್ಲ್ಯಾಕ್ ಹಿಲ್ಸ್ ಪಯೊನೀರ್’ ಪತ್ರಿಕೆಯು ಹೊರಟಿತು. ಆದರೆ ಯಾವ ಸಂಪಾದಕನು ಆ ಮಾತುಗಳನ್ನು ಅಚ್ಚಿನ ಮೊಳೆಗಳಲ್ಲಿ ಜೋಡಿಸುವನು? 1902ರಲ್ಲಿ ಓವೆನ್ ವಿಸ್ಟರನು ಬರೆದ ‘ದಿ ವರ್ಜಿನಿಯನ್’ ಕಾದಂಬರಿಯಲ್ಲಿ ಕಥೆಯನ್ನು ತಿರುಗಿಸುವ ಬಯ್ಗುಳವೇ ಅರ್ಧ ಮಾತಾಗಿ, ಉಳಿದರ್ಧ ಅಡ್ಡಗೆರೆಯಾಗಿ ಅಚ್ಚಾಯಿತು. ಚಂದಾದಾರರಿಗಾಗಿ ಮಾತ್ರ ಅಚ್ಚಾದ ಫಾರ್ಮರ್ ಮತ್ತು ಹೆನ್ಲಿಯವರ ಗ್ರಾಮ್ಯ ನಿಘಂಟಿನ 1893ರ ಸಂಪುಟದಲ್ಲಿ ಆ ಶಬ್ದದ ವಿಶೇಷಣರೂಪವು ತಿರಸ್ಕಾರಾರ್ಥದಲ್ಲಿ ದಾಖಲೆಯಾಗಿದೆ. ಇಂತಹ ಮಾತು ಪುಸ್ತಕಕ್ಕೇರುವ ಮುನ್ನ ಎಷ್ಟು ವರ್ಷ ಬಾಯಲ್ಲಿ ಬಾಳಿತ್ತೆಂದು ಯಾರು ಅಳೆಯಬಲ್ಲರು? ಹದಿನೇಳು ವರ್ಷ ದೊಡ್ಡ ಅಂತರವಲ್ಲ.

ಮತ್ತೊಂದು ವಿಚಿತ್ರ. 1955ರಿಂದ 1975ರವರೆಗೆ 635 ಕಂತುಗಳಾಗಿ ನಡೆದ ‘ಗನ್‌ಸ್ಮೋಕ್’ ಎಂಬ ನಾಟಕದಲ್ಲಿ ಡಾಡ್ಜ್ ಸಿಟಿಯ ದನಗಾಹಿಗಳೂ ಕೊಲೆಗಡುಕರೂ ಭಾನುವಾರದ ಶಾಲೆಯ ಮಕ್ಕಳಂತೆ ಶುದ್ಧವಾಗಿ ಮಾತಾಡಿದರು. ಅದು ಚರಿತ್ರೆಗೆ ವಿರುದ್ಧವೆಂದು ಇಷ್ಟೊಂದು ಗದ್ದಲವೇಳಲಿಲ್ಲ. ಸುಳ್ಳು ಸಭ್ಯವಾಗಿದ್ದರೆ ನಮಗೆ ಅದು ಸುಳ್ಳೆಂದು ತೋರುವುದಿಲ್ಲ.

ಇನ್ನು ಪಡುವಣ ಸೀಮೆಯವೆಂದು ಹೆಸರಾದ ಮಾತುಗಳಲ್ಲಿ ಬಹಳಷ್ಟು ಇಂಗ್ಲಿಷೇ ಅಲ್ಲ. ದನಗಾಹಿಯ ‘ಬಕರೂ’ ಸ್ಪ್ಯಾನಿಷಿನ ‘ವಾಕೇರೊ’. ಅವನ ಹಗ್ಗ ‘ಲ್ಯಾರಿಯಟ್’ ‘ಲಾ ರಿಯಾತಾ’. ಸೆರೆಮನೆಗೆ ‘ಹೂಸ್‌ಗೌ’ ಎಂದುದು ನ್ಯಾಯಸ್ಥಾನವೆಂಬರ್ಥದ ‘ಹುಸ್‌ಗಾದೊ’. ಮುದ್ರೆ ಹಾಕದ ಕರುವಿಗೆ ‘ಮ್ಯಾವರಿಕ್’ ಎಂಬ ಹೆಸರು ಬಂದುದು ತನ್ನ ದನಗಳಿಗೆ ಮುದ್ರೆ ಹಾಕಿಸದೆ ಬಿಟ್ಟ ಟೆಕ್ಸಸಿನ ವಕೀಲ ಸ್ಯಾಮ್ಯುಯಲ್ ಮ್ಯಾವರಿಕನಿಂದ. ತದ್ವಿರುದ್ಧವಾಗಿ, ಎಲ್ಲರೂ ಹಳೆಯದೆಂದು ನಂಬಿರುವ ‘ಗನ್‌ಸ್ಲಿಂಗರ್’ ಶಬ್ದವು ಮೊದಲು ಕಾಣಿಸಿದುದು 1920ರ ಒಂದು ಮೂಕಚಿತ್ರದಲ್ಲಿ. ಹಿಕಾಕನಿಗೆ ಯಾರಾದರೂ ಹಾಗೆಂದಿದ್ದರೆ ಅವನಿಗೆ ಅರ್ಥವಾಗುತ್ತಿರಲಿಲ್ಲ.

ಬಯ್ಗುಳದ ಗದ್ದಲದಲ್ಲಿ ಮರೆಯಾದ ಒಂದು ಗುಣವನ್ನು ಹೇಳಲೇಬೇಕು. ಈ ನಾಟಕದ ಪಾತ್ರಗಳು ಉದ್ದುದ್ದವಾದ, ಸುತ್ತಿ ಬಳಸುವ, ಉಪವಾಕ್ಯಗಳ ಮೇಲೆ ಉಪವಾಕ್ಯಗಳನ್ನು ಪೇರಿಸಿದ ವಾಕ್ಯಗಳಲ್ಲಿ ಮಾತಾಡುವುವು. ಕುಡುಕನೂ ಷೇಕ್ಸ್‌ಪಿಯರನ ರಂಗದಿಂದ ಇಳಿದುಬಂದವನಂತೆ ನುಡಿಯುವನು. ಅನೇಕರು ಇದನ್ನೇ ಕೃತಕವೆಂದರು. ನನ್ನ ಎಣಿಕೆಯಲ್ಲಿ ಚರಿತ್ರೆಗೆ ಹತ್ತಿರವಾದುದು ಇದೇ. ಆ ಪೀಳಿಗೆಯವರು ಅಕ್ಷರ ಕಲಿತದ್ದು 1611ರ ಬೈಬಲಿನಿಂದ, ಮೆಕ್‌ಗಫಿಯ ವಾಚನಪುಸ್ತಕಗಳಿಂದ, ಊರೂರಿಗೂ ಬರುತ್ತಿದ್ದ ನಾಟಕ ಮಂಡಲಿಗಳಿಂದ. ಶಬ್ದಗಳು ಇಂದಿನವು, ವಾಕ್ಯದ ನಡಿಗೆ ಅಂದಿನದು: ಹೀಗೆ ವಿಂಗಡಿಸಿಕೊಂಡರೆ ಅರ್ಧ ವಾದವು ತಾನಾಗಿ ಅಡಗುವುದು.

ಗಣಿಯೂರಿನ ಭಾಷೆಯ ಇನ್ನೊಂದು ಎಳೆಯು ನಮ್ಮ ನಾಡಿನವರೆಗೂ ಬಂದಿದೆ. ಇಂಗ್ಲೆಂಡಿನ ಕಾರ್ನ್‌ವಾಲಿನಲ್ಲಿ ತಾಮ್ರ ಮತ್ತು ತವರದ ಗಣಿಗಳು ಸೊರಗಿದಾಗ ಅಲ್ಲಿಯ ಗಣಿಗಾರರು ಲೋಕವೆಲ್ಲ ಚದರಿದರು. ಅಮೆರಿಕದಲ್ಲಿ ಅವರಿಗೆ ‘ಕಸಿನ್ ಜ್ಯಾಕ್’ ಎಂಬ ಅಡ್ಡಹೆಸರು. ಡೆಡ್‌ವುಡ್ಡಿನ ನೆರೆಯ ಲೀಡ್ ಎಂಬಲ್ಲಿ, 1877ರಲ್ಲಿ ಜಾರ್ಜ್ ಹರ್ಸ್ಟನು ಕೊಂಡುಕೊಂಡ ಹೋಮ್‌ಸ್ಟೇಕ್ ಗಣಿಗೆ ಅವರು ಇಳಿದರು. 1880ರ ತರುವಾಯ ಜಾನ್ ಟೇಲರ್ ಕಂಪನಿಯ ಮೂಲಕ ಅವರ ಬಂಧುಗಳೇ ಕೋಲಾರದ ಚಿನ್ನದ ಗಣಿಗೂ ಬಂದರು. ಕೋಲಾರವು 2001ರಲ್ಲಿ ಮುಚ್ಚಿತು, ಹೋಮ್‌ಸ್ಟೇಕ್ 2002ರಲ್ಲಿ.

ಕೊನೆಗೆ, ನಾಟಕದಲ್ಲಿ ಯಾರು ಮಾತಾಡುವರೆಂಬುದಕ್ಕಿಂತ ಯಾರು ಮಾತಾಡುವುದಿಲ್ಲವೆಂಬುದು ನನ್ನನ್ನು ಹೆಚ್ಚು ಕಾಡಿತು. ಚೀನೀಯರ ಕೇರಿಯ ಯಜಮಾನನಾದ ವೂ ಎಂಬವನಿಗೆ ಬರುವ ಇಂಗ್ಲಿಷ್ ಮಾತುಗಳು ಬೆರಳೆಣಿಕೆಯವು: ಮುಖ್ಯವಾಗಿ ಒಂದು ಹೊಲಸು ಬಯ್ಗುಳ, ಮತ್ತೆ ‘ಸ್ವೆಜಿನ್’ ಎಂದು ಅವನ ಬಾಯಲ್ಲಿ ಮುರಿದ ಸ್ವೆರೆಂಜನನ ಹೆಸರು. ಅಷ್ಟರಿಂದಲೇ ಅವನು ವ್ಯಾಪಾರ, ಕೋಪ, ಸ್ನೇಹಗಳೆಲ್ಲವನ್ನೂ ನಡೆಸುವನು. ನೋಡುವವರು ನಗುವರು, ಅವನ ಸ್ವಂತ ಭಾಷೆಯಲ್ಲಿ ಅವನು ಎಷ್ಟು ದೊಡ್ಡ ವಾಗ್ಮಿಯೋ ಸ್ವೆರೆಂಜನನಂತೆ ನಮಗೂ ತಿಳಿಯದು. ನೆಲದ ಒಡೆಯರಾದ ಇಂಡಿಯನರಿಗಂತೂ ಅಷ್ಟೂ ಇಲ್ಲ. ಅವರಲ್ಲೊಬ್ಬನ ಕಡಿದ ತಲೆಯು ಒಂದು ಪೆಟ್ಟಿಗೆಯಲ್ಲಿದೆ. ಸ್ವೆರೆಂಜನನು ಬಾಗಿಲಿಕ್ಕಿಕೊಂಡು ಅದರ ಮುಂದೆ ತನ್ನ ಸುಖದುಃಖಗಳನ್ನು ತೋಡಿಕೊಳ್ಳುವನು. ಪೆಟ್ಟಿಗೆಯು ಕೇಳುವುದು, ಉತ್ತರವಿಲ್ಲ.

ನಾಟಕದ ಹೊರಗೆ ಅವರು ಉತ್ತರ ಕೊಟ್ಟಿರುವರು. ಅವರ ಗಂಡಸರಲ್ಲಿ ಮುಕ್ಕಾಲು ಪಾಲು ಜನರ ಒಪ್ಪಿಗೆಯಿಲ್ಲದೆ ನೆಲವನ್ನು ತೆಗೆದುಕೊಳ್ಳಕೂಡದೆಂದು 1868ರ ಒಪ್ಪಂದದಲ್ಲಿ ಬರೆದಿದ್ದಿತು. ಸಹಿ ಹಾಕಿದವರು ಹತ್ತರಲ್ಲೊಂದು ಪಾಲಿನಷ್ಟು. ಮೊಕದ್ದಮೆಯು ದಶಕಗಟ್ಟಲೆ ನಡೆದು, 1980ರಲ್ಲಿ ಆ ದೇಶದ ಪರಮೋಚ್ಚ ನ್ಯಾಯಾಲಯವು ಪರಿಹಾರವು ಸಲ್ಲತಕ್ಕದ್ದೆಂದು ತೀರ್ಪಿತ್ತಿತು. ಬಡ್ಡಿ ಸೇರಿ ಅದು ಹತ್ತು ಕೋಟಿ ಡಾಲರುಗಳಿಗೂ ಮೇಲಾಗಿದ್ದಿತು. ಲಕೋಟಾ ಜನರು ಹಣವು ಬೇಡ, ಬೆಟ್ಟಗಳು ಬೇಕೆಂದರು. ಆ ಮೊತ್ತವು ಸರಕಾರದ ಖಜಾನೆಯಲ್ಲಿ ಬಡ್ಡಿಯೊಡನೆ ಬೆಳೆಯುತ್ತ ಇಂದಿಗೂ ಹಾಗೆಯೇ ಉಳಿದಿದೆ.