ಬಾಡಿಗೆ ಹಿತ್ತಲು, ಮೂರು ವರ್ಷದ ಬೇರು

ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಗಾದೆ. ನಮ್ಮ ಕಷ್ಟವೇ ಬೇರೆ. ಹಿತ್ತಲೇನೋ ಇತ್ತು, ಅದರಲ್ಲಿ ಗಿಡವೇ ಇರಲಿಲ್ಲ! ಸನಿವೇಲ್‌ನಲ್ಲಿ ನಾವು ಬಾಡಿಗೆಗೆ ಹಿಡಿದ ಮನೆಯ ಹಿಂದೆ ಮೂವತ್ತಡಿ ಉದ್ದ, ಇಪ್ಪತ್ತಡಿ ಅಗಲದ ಬೋಳು ನೆಲ. ಚಳಿಗಾಲದ ಮಳೆಗೆ ಚಪ್ಪಲಿ ಕಿತ್ತುಕೊಳ್ಳುವ ಜೇಡಿಮಣ್ಣು, ಬೇಸಿಗೆಯಲ್ಲಿ ಬೆರಳು ತೂರುವಷ್ಟು ಬಿರುಕು. ಮೂಲೆಯಲ್ಲೊಂದು ಕಾಲು ಮುರಿದ ಪ್ಲಾಸ್ಟಿಕ್ ಕುರ್ಚಿ.

ಭಾನುವಾರದ ಫೋನಿನಲ್ಲಿ ಅಮ್ಮನಿಗೆ ಇದನ್ನು ವರ್ಣಿಸಿದೆವು. "ಅಷ್ಟು ಜಾಗ ಇಟ್ಕೊಂಡು ಒಂದು ಕರಿಬೇವೂ ಹಾಕಿಲ್ವೇನ್ರೋ?" ಎಂದರು. "ಬಾಡಿಗೆ ಮನೆ ಅಮ್ಮಾ..." ಎಂದೆವು. "ಬಾಡಿಗೆ ಮನೇಲಿ ಊಟ ಮಾಡಲ್ವಾ?" ಎಂದು ಫೋನಿಟ್ಟರು.

ಇನ್ನೂರು ಡಾಲರ್ ಮೀರಬಾರದೆಂದು ನಿಶ್ಚಯಿಸಿ ಕೆಲಸ ಶುರು ಮಾಡಿದೆವು. ಮನೆ ಬದಲಿಸಿದಾಗ ಉಳಿದಿದ್ದ ರಟ್ಟಿನ ಪೆಟ್ಟಿಗೆಗಳನ್ನು ಬಿಚ್ಚಿ, ನೆನೆಸಿ, ನೆಲದ ಮೇಲೆ ಹಾಸಿದೆವು. ಬೆಳಕು ಸಿಗದೆ ಕಳೆ ಸಾಯುತ್ತದೆ, ರಟ್ಟು ಕೊಳೆತು ಎರೆಹುಳುವಿಗೆ ಆಹಾರವಾಗುತ್ತದೆ. ಅದರ ಮೇಲೆ ನಾಲ್ಕು ಅಂಗುಲ ಮರದ ಚಕ್ಕೆ. ಮರ ಕಡಿಯುವವರಿಗೆ ಅದನ್ನು ಎಸೆಯಲು ದುಡ್ಡು ಕೊಡಬೇಕು, ಆದ್ದರಿಂದ ಕೇಳಿದರೆ ಬಿಟ್ಟಿಯಾಗಿ ತಂದು ಸುರಿಯುತ್ತಾರೆ. ಕಾಫಿ ಅಂಗಡಿಯಿಂದ ಚರಟ, ಬೇಕರಿಯಿಂದ ಐದು ಗ್ಯಾಲನ್ನಿನ ಖಾಲಿ ಬಕೆಟ್ಟು, ಯಾರೋ ಒಡೆದು ಹಾಕಿದ ಅಂಗಳದಿಂದ ಇಟ್ಟಿಗೆ. ಮೆಂತ್ಯ, ಕೊತ್ತಂಬರಿಗೆ ಅಡುಗೆಮನೆಯ ಡಬ್ಬಿಯೇ ಬೀಜದ ಅಂಗಡಿ. ದುಡ್ಡು ಹೋದದ್ದು ಗೊಬ್ಬರಕ್ಕೆ, ನೀರಿನ ಪೈಪಿಗೆ ಮತ್ತು ಒಂದು ಗೇಣುದ್ದದ ಕರಿಬೇವಿನ ಸಸಿಗೆ.

ಆ ಸಸಿಯೇ ನಮ್ಮನ್ನು ಚರಿತ್ರೆಗೆ ಎಳೆದುಕೊಂಡು ಹೋಯಿತು. ಅದನ್ನು ಕುಂಡದಲ್ಲಿ ಇಡುವುದೋ, ನೆಲದಲ್ಲಿ ನೆಡುವುದೋ? ಕುಂಡದಲ್ಲಿಟ್ಟರೆ ಹೊರಡುವಾಗ ಎತ್ತಿಕೊಂಡು ಹೋಗಬಹುದು. ನೆಲಕ್ಕೆ ಹಾಕಿದರೆ? ಕ್ಯಾಲಿಫೋರ್ನಿಯಾದ 1872ರ ಸಿವಿಲ್ ಕೋಡಿನ 660ನೆಯ ಸೆಕ್ಷನ್ ಹುಡುಕಿ ಓದಿದೆವು. ಗಿಡ, ಬಳ್ಳಿ, ಮರ ಬೇರಿನಿಂದ ನೆಲವನ್ನು ಹಿಡಿದುಕೊಂಡರೆ ಅದು ನೆಲದ ಭಾಗವೇ ಎಂಬುದು ಅದರ ತಾತ್ಪರ್ಯ. ಅಂದರೆ ಬೇರು ಇಳಿದ ದಿನವೇ ಗಿಡ ಮನೆ ಮಾಲೀಕರದು!

ನಮ್ಮಲ್ಲೊಬ್ಬರ ಅಜ್ಜನ ಮನೆ ಪುತ್ತೂರಿನ ಕಡೆ. ಈ ತರ್ಕ ಅಲ್ಲಿಯವರಿಗೆ ಹೊಸದಲ್ಲ. ದಕ್ಷಿಣ ಕನ್ನಡದಲ್ಲಿ ಮೂಲಗೇಣಿ, ಚಾಲಗೇಣಿ ಎಂದು ಎರಡು ಬಗೆ ಇತ್ತು. ಮೂಲಗೇಣಿ ಶಾಶ್ವತ, ಮೊಮ್ಮಕ್ಕಳವರೆಗೂ ನಡೆಯುವಂಥದ್ದು. ಚಾಲಗೇಣಿಯವನನ್ನು ಧಣಿ ಬಿಡಿಸಬಹುದಿತ್ತು. ತೆಂಗು ಫಲ ಕೊಡಲು ಐದಾರು ವರ್ಷ ಬೇಕು. ನಾಳೆ ಇರುತ್ತೇನೋ ಇಲ್ಲವೋ ಎನ್ನುವವನು ಯಾವ ಧೈರ್ಯದ ಮೇಲೆ ತೆಂಗಿನ ಸಸಿ ಇಟ್ಟಾನು? ದೇವರಾಜ ಅರಸರ ಕಾಲದ ತಿದ್ದುಪಡಿಯಿಂದ 1974ರ ಮಾರ್ಚ್ 1ರಂದು ಗೇಣಿ ಜಮೀನುಗಳು ಸರ್ಕಾರಕ್ಕೆ ಸೇರಿ, ಉಳುವವನೇ ಒಡೆಯನಾಗುವ ದಾರಿ ತೆರೆಯಿತು.

ಈಗ ನಾವು ಕೂತಿರುವ ಕಣಿವೆಗೆ ಬರೋಣ. ಸಿಲಿಕಾನ್ ವ್ಯಾಲಿ ಎನ್ನುವುದಕ್ಕೆ ಮುಂಚೆ ಸಾಂಟಾ ಕ್ಲಾರಾ ಕಣಿವೆಗೆ 'ಮನದಾನಂದದ ಕಣಿವೆ' ಎಂಬರ್ಥದ ಹೆಸರಿತ್ತು. 1856ರಲ್ಲಿ ಪೆಲಿಯೆ ಎಂಬ ಫ್ರೆಂಚ್ ಸಹೋದರರು ಸ್ಯಾನ್ ಹೋಸೆಗೆ ಪ್ರೂನ್ ಹಣ್ಣಿನ ಕಸಿ ಕಡ್ಡಿಗಳನ್ನು ತಂದರು. ಮುಂದೆ ಕಣಿವೆಯ ತುಂಬ ಪ್ರೂನ್, ಏಪ್ರಿಕಾಟ್, ಚೆರ್ರಿ ತೋಟಗಳು. ಆ ತೋಟಗಳಲ್ಲಿ ದುಡಿದವರಲ್ಲಿ ಜಪಾನಿನಿಂದ ಬಂದವರು ಬಹಳ ಜನ. ಅವರು ಸ್ವಂತ ಜಮೀನು ಮಾಡಲು ಹೊರಟಾಗ 1913ರಲ್ಲಿ ಕ್ಯಾಲಿಫೋರ್ನಿಯಾ ಒಂದು ಕಾನೂನು ತಂದಿತು: 'ಪೌರತ್ವಕ್ಕೆ ಅರ್ಹರಲ್ಲದ ವಿದೇಶೀಯರು' ಕೃಷಿ ಭೂಮಿ ಕೊಳ್ಳುವಂತಿಲ್ಲ, ಗುತ್ತಿಗೆ ಬೇಕಿದ್ದರೆ ಮೂರು ವರ್ಷದ ಮಟ್ಟಿಗೆ ಮಾತ್ರ. ಜಪಾನ್ ಎಂಬ ಹೆಸರು ಅದರಲ್ಲಿರಲಿಲ್ಲ. ಆದರೆ ಅಂದಿನ ಪೌರತ್ವದ ನಿಯಮ 'ಬಿಳಿಯ' ಮತ್ತು ಆಫ್ರಿಕನ್ ಮೂಲದವರಿಗಷ್ಟೇ ಬಾಗಿಲು ತೆರೆದಿದ್ದರಿಂದ ಬೆರಳು ಯಾರ ಕಡೆಗೆ ಎನ್ನುವುದು ಎಲ್ಲರಿಗೂ ತಿಳಿದಿತ್ತು.

ಮೂರು ವರ್ಷ! ಎಚ್-1ಬಿ ವೀಸಾ ಕೂಡ ಒಂದು ಸಲಕ್ಕೆ ಸಿಗುವುದು ಹೆಚ್ಚೆಂದರೆ ಮೂರು ವರ್ಷಕ್ಕೇ. ಈ ಸಂಖ್ಯೆ ನೋಡಿ ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಹೋಲಿಕೆಯನ್ನು ಬಹಳ ಎಳೆಯಬಾರದು, ನಮ್ಮ ಸಂಬಳವೆಲ್ಲಿ, ಅವರ ಬೆವರೆಲ್ಲಿ. ಆದರೂ ಮೂರು ವರ್ಷದ ಲೆಕ್ಕ ಮನುಷ್ಯನಿಂದ ಏನು ನೆಡಿಸುತ್ತದೆ ಎಂಬುದು ಒಂದೇ. ಜಪಾನೀ ಗುತ್ತಿಗೆದಾರರು ಬೇಗ ಫಲ ಕೊಡುವ ಸ್ಟ್ರಾಬೆರಿಗೆ, ತರಕಾರಿಗೆ ಇಳಿದರು. ಬೇರು ಆಳಕ್ಕೆ ಹೋಗುವ ಮರ ಬೇರೆಯವರದು, ವರ್ಷದ ಬೆಳೆ ಇವರದು. 1920ರಲ್ಲಿ ಮತದಾರರು ಆ ಗುತ್ತಿಗೆಯನ್ನೂ ಕಿತ್ತುಕೊಂಡರು. ಕೆಲವರು ಇಲ್ಲಿಯೇ ಹುಟ್ಟಿ ಪೌರರಾಗಿದ್ದ ತಮ್ಮ ಮಕ್ಕಳ ಹೆಸರಿನಲ್ಲಿ ಜಮೀನು ಮಾಡಿಕೊಂಡರು.

ಇದು ಜಪಾನಿನವರ ಕಥೆ, ನಮಗೇನು ಎನ್ನುವಂತಿಲ್ಲ. 1923ರ ಫೆಬ್ರವರಿ 19ರಂದು ಭಗತ್ ಸಿಂಗ್ ಥಿಂಡ್ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಭಾರತೀಯರು 'ಬಿಳಿಯರಲ್ಲ', ಆದ್ದರಿಂದ ಪೌರತ್ವಕ್ಕೆ ಅರ್ಹರಲ್ಲ ಎಂದು ತೀರ್ಪಿತ್ತಿತು. ಅಲ್ಲಿಗೆ ಭೂಮಿಯ ಕಾನೂನು ನಮ್ಮವರ ಕೊರಳಿಗೂ ಬಿತ್ತು. ದಕ್ಷಿಣದ ಇಂಪೀರಿಯಲ್ ಕಣಿವೆಯ ಪಂಜಾಬಿ ರೈತರು ಪರಿಚಯದ ಬಿಳಿಯರ ಹೆಸರಿನಲ್ಲೋ, ಇಲ್ಲಿ ಹುಟ್ಟಿದ ಮಕ್ಕಳ ಹೆಸರಿನಲ್ಲೋ ಜಮೀನು ಇಟ್ಟು ಉತ್ತರು. ತಾನು ಹಸನು ಮಾಡಿದ ನೆಲಕ್ಕೆ ಇನ್ನೊಬ್ಬನ ನಂಬಿಕೆಯೇ ಪಟ್ಟಾ! ಬರ್ಕ್ಲಿಯಲ್ಲಿ ಗಣಿತದ ಪಿಎಚ್.ಡಿ. ಮಾಡಿದ ದಲೀಪ್ ಸಿಂಗ್ ಸೌಂದ್ ಅದೇ ಕಣಿವೆಯಲ್ಲಿ ಲೆಟಿಸ್ ಬೆಳೆದವರು.

ಮತ್ತೆ ಅದೇ ಫೆಬ್ರವರಿ 19, ಈ ಸಲ 1942. ಅಧ್ಯಕ್ಷ ರೂಸ್‌ವೆಲ್ಟರ ಆಜ್ಞೆಯ ಫಲವಾಗಿ ಪಶ್ಚಿಮ ಕರಾವಳಿಯ ಸುಮಾರು 1,20,000 ಜಪಾನೀ ಮೂಲದವರು ಮನೆ, ಬೆಳೆ ಬಿಟ್ಟು ಶಿಬಿರಗಳಿಗೆ ಹೋಗಬೇಕಾಯಿತು. ಅವರಲ್ಲಿ ಮೂರನೇ ಎರಡು ಪಾಲು ಜನ ಅಮೆರಿಕದ ಪೌರರೇ. ಸಿಯೆರಾ ಬೆಟ್ಟಗಳ ಬುಡದ ಮಾಂಜನಾರ್ ಶಿಬಿರಕ್ಕೆ ನಾವು ಒಂದು ಬೇಸಿಗೆಯಲ್ಲಿ ಹೋಗಿದ್ದೆವು. ಧೂಳೆಬ್ಬಿಸುವ ಗಾಳಿ, ಮರಳು, ಕುರುಚಲು. ಹತ್ತು ಸಾವಿರ ಜನ ಮುಳ್ಳುತಂತಿಯೊಳಗೆ ಇದ್ದ ಜಾಗ. ನಾಳೆ ಎಲ್ಲಿಗೆ, ಎಂದಿಗೆ ಎಂದು ಯಾರಿಗೂ ಗೊತ್ತಿರಲಿಲ್ಲ. ಅಂಥ ಕಡೆ ಅವರು ಮಾಡಿದ್ದೇನು ಗೊತ್ತೆ? ತೋಟ!

ಊಟದ ಮನೆಗಳ ಮುಂದೆ ಮೂರು ಹೊತ್ತೂ ಉದ್ದುದ್ದ ಸಾಲು. ಕಾಯುವವರ ಕಣ್ಣಿಗೆ ತಂಪಾಗಲೆಂದು ಅಲ್ಲಲ್ಲಿ ಕೊಳ, ಬಂಡೆ, ಚಿಕ್ಕ ಸೇತುವೆ ಎದ್ದವು. 22ನೆಯ ಬ್ಲಾಕಿನ ಕೊಳದ ಕಥೆ ಸ್ವಾರಸ್ಯವಾಗಿದೆ. ಅಲ್ಲಿನ ಅಡುಗೆಯವರಲ್ಲಿ ಒಬ್ಬರಾದ ಹ್ಯಾರಿ ಯುಯೆನೊ ಅವರಿಗೆ ಮೂರು ಚೀಲ ಸಿಮೆಂಟಿಗೆ ಚೀಟಿ ಸಿಕ್ಕಿತು. ಉಗ್ರಾಣದವರು ಚೀಟಿ ವಾಪಸು ತೆಗೆದುಕೊಳ್ಳಲಿಲ್ಲ. ಅದೇ ಚೀಟಿ ಹಿಡಿದು ಮತ್ತೆ ಮತ್ತೆ ಹೋಗಿ ಮೂರು ಮೂರೇ ಚೀಲ ತಂದರು! ಜನ ಅದನ್ನು 'ಮೂರು ಚೀಲದ ಕೊಳ' ಎಂದು ಕರೆದರು. ಇದೇ ಯುಯೆನೊ ಅಡುಗೆಯವರ ಸಂಘ ಕಟ್ಟಿದವರು. 1942ರ ಡಿಸೆಂಬರಿನಲ್ಲಿ ಅವರ ಬಂಧನವಾದಾಗ ಶಿಬಿರದಲ್ಲಿ ದಂಗೆ ಎದ್ದು, ಸೈನಿಕರ ಗುಂಡಿಗೆ ಇಬ್ಬರು ಸತ್ತರು. ಯುದ್ಧ ಮುಗಿದ ಮೇಲೆ ಯುಯೆನೊ ಬಂದು ಬೇಸಾಯ ಮಾಡಿದ್ದು ನಮ್ಮ ಈ ಸಾಂಟಾ ಕ್ಲಾರಾ ಕಣಿವೆಯಲ್ಲೇ.

1945ರ ನವೆಂಬರಿನಲ್ಲಿ ಮಾಂಜನಾರ್ ಮುಚ್ಚಿತು. ತೋಟಗಳ ಮೇಲೆ ಮರಳು ಕೂತಿತು. 1992ರಲ್ಲಿ ಅದು ರಾಷ್ಟ್ರೀಯ ಚಾರಿತ್ರಿಕ ತಾಣವಾದ ಮೇಲೆ ಕೊಳಗಳನ್ನು ಒಂದೊಂದಾಗಿ ಅಗೆದು ತೆಗೆದಿದ್ದಾರೆ. ತೋಟ ಮಾಡಿಕೊಂಡರು ಎಂದಮಾತ್ರಕ್ಕೆ ಸುಖವಾಗಿದ್ದರು ಎಂದು ಓದಿಕೊಳ್ಳಬಾರದು. ತಂತಿ ತಂತಿಯೇ. ಆದರೆ ತಮ್ಮದಲ್ಲದ ನೆಲದಲ್ಲಿ ಕಾಯುವ ಹೊತ್ತನ್ನು ಹೇಗೆ ಕಳೆಯಬೇಕೆಂಬುದನ್ನು ಅವರು ತಾವೇ ತೀರ್ಮಾನಿಸಿದರು.

ಕಾನೂನುಗಳ ಕಥೆ ಮುಗಿಸೋಣ. 1946ರಲ್ಲಿ ಭಾರತೀಯರಿಗೆ ಪೌರತ್ವದ ಬಾಗಿಲು ತೆರೆಯಿತು. 1952ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟು ಭೂಮಿಯ ಕಾನೂನನ್ನು ಅಸಿಂಧು ಮಾಡಿತು. 1956ರ ನವೆಂಬರ್ 6ರಂದು ಮತದಾರರು ಅದನ್ನು ಪುಸ್ತಕದಿಂದಲೇ ಅಳಿಸಿದರು. ಅದೇ ದಿನ ಸೌಂದ್ ಅಮೆರಿಕದ ಕಾಂಗ್ರೆಸ್ಸಿಗೆ ಆರಿಸಿ ಬಂದರು, ಏಷ್ಯಾ ಮೂಲದವರಲ್ಲಿ ಮೊದಲಿಗರಾಗಿ. ಅದಕ್ಕೆ ಐದು ದಿನ ಮುಂಚೆ, ನವೆಂಬರ್ 1ರಂದು, ಕನ್ನಡನಾಡು ಒಂದಾಗಿತ್ತು. ಈ ಸಲದ ರಾಜ್ಯೋತ್ಸವದಲ್ಲಿ ಆ ವಾರವನ್ನೂ ಒಮ್ಮೆ ನೆನೆಯಬಹುದಲ್ಲವೆ?

ನಮ್ಮಂಥ ಬಾಡಿಗೆದಾರರಿಗೂ ಒಂದು ಚೂರು ಸಿಕ್ಕಿದೆ. 2014ರಲ್ಲಿ ಒಪ್ಪಿಗೆಯಾದ ರಾಜ್ಯದ ಕಾನೂನಿನ ಪ್ರಕಾರ, ಒಂದು ಅಥವಾ ಎರಡು ಸಂಸಾರದ ಮನೆಯ ಬಾಡಿಗೆದಾರರು ಕೆಲವು ಷರತ್ತುಗಳಿಗೆ ಒಳಪಟ್ಟು ಹಿತ್ತಲಲ್ಲಿ ಕುಂಡಗಳಲ್ಲಿ ತಿನ್ನುವ ಬೆಳೆ ಬೆಳೆಯಬಹುದು. ಗಮನಿಸಿ, ಕುಂಡಗಳಲ್ಲಿ. ಎತ್ತಿಕೊಂಡು ಹೋಗುವಂಥದ್ದರಲ್ಲಿ.

ಹಾಗೆ ನಮ್ಮ ಕರಿಬೇವು ಕುಂಡದಲ್ಲೇ ಉಳಿಯಿತು. ಚಳಿಯ ರಾತ್ರಿ ಒಳಗೆ ತರಲು ಅದೇ ಅನುಕೂಲ. ಆದರೆ ಅದನ್ನೂ ಬೇಕಾದಲ್ಲಿಗೆ ಒಯ್ಯುವಂತಿಲ್ಲ ಎಂದು ಆಮೇಲೆ ತಿಳಿಯಿತು. 2008ರಲ್ಲಿ ಕ್ಯಾಲಿಫೋರ್ನಿಯಾಕ್ಕೆ ಬಂದ, ನಿಂಬೆ ಕಿತ್ತಳೆಗಳಿಗೆ ರೋಗ ಹರಡುವ ಒಂದು ಕೀಟಕ್ಕೆ ಕರಿಬೇವೂ ಇಷ್ಟ. ಕ್ವಾರಂಟೈನ್ ಇರುವ ಪ್ರದೇಶದಿಂದ ಸಸಿ ಆಚೆ ಹೋಗುವಂತಿಲ್ಲ. ಅಂತೂ ನಮ್ಮ ಗಿಡಕ್ಕೂ ವೀಸಾದ ತಾಪತ್ರಯ!

ನೆಲಕ್ಕೆ ಮಾತ್ರ ಬೇರೆಯದನ್ನು ಹಾಕಿದ್ದೇವೆ. ಮಿತ್ರರೊಬ್ಬರು ಕೊಟ್ಟ ಅಂಜೂರದ ಕಡ್ಡಿ, ಖರ್ಚು ಸೊನ್ನೆ. ಮನೆಯ ಒಡತಿಗೆ ಇಮೇಲ್ ಬರೆದು ಕೇಳಿದೆವು. "ನೆಡಿ, ಆದರೆ ಅದು ಮನೆಗೇ ಸೇರುತ್ತದೆ" ಎಂದು ಉತ್ತರ ಬಂತು. 1872ರಿಂದಲೂ ಹಾಗೇ ಅಮ್ಮಾ, ಗೊತ್ತು ಎಂದು ನಕ್ಕೆವು. ಈಗ ಅದಕ್ಕೆ ಎರಡನೇ ಬೇಸಿಗೆ, ಸೊಂಟದೆತ್ತರ ಬಂದಿದೆ. ಚಕ್ಕೆಯ ಕೆಳಗೆ ಗುದ್ದಲಿ ಸಲೀಸಾಗಿ ಇಳಿಯುತ್ತದೆ, ಎರೆಹುಳು ಸಿಗುತ್ತವೆ. ಗ್ರೀನ್ ಕಾರ್ಡ್ ಮೊದಲೋ ಹಣ್ಣು ಮೊದಲೋ ಎಂದು ಮಗಳು ಪಂದ್ಯ ಕಟ್ಟಿದ್ದಾಳೆ. ನಾವು ಹಣ್ಣಿನ ಕಡೆಗೆ.

ಅಂಜೂರದ ಕಡ್ಡಿ ಬೇಕಾದವರು ಮುಂದಿನ ಸಭೆಗೆ ಒದ್ದೆ ಬಟ್ಟೆ ತನ್ನಿ, ಸುತ್ತಿ ಕೊಡುತ್ತೇವೆ. ಕರಿಬೇವಿನ ಸಸಿ ಮಾತ್ರ ಕೇಳಬೇಡಿ.