ನೆಡುತೋಪಿನ ಕೆಳಗಿನ ನೆಲ

ಎಲ್ಲ ಬೆಳೆಗಳನ್ನೂ ಕೊಡುವ ಫಲವತ್ತಾದ ಭೂಮಿಗೆ ಅಮರಕೋಶವು 'ಉರ್ವರಾ' ಎಂಬ ಹೆಸರನ್ನು ಕೊಟ್ಟಿದೆ. ಬಹುಕಾಲದಿಂದ ಈ ಪದವನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತ ಬಂದ ನಾನು, ಭೂಮಿಯನ್ನು ಉರ್ವರೆಯನ್ನಾಗಿ ಮಾಡುವವರು ಯಾರೆಂದು ಯೋಚಿಸಿರಲಿಲ್ಲ. ಆ ಯೋಚನೆ ಹಚ್ಚಿದುದು ನಮ್ಮ ಶಾಲೆಯ ಹಿಂದಿನ ನೀಲಗಿರಿ ತೋಪು. ಅಲ್ಲಿಯ ತರಗೆಲೆ ಮಳೆಗಾಲ ಕಳೆದರೂ ಕರಗದೆ ಬಿದ್ದಿರುತ್ತದೆ. ಬೇಲಿಯಾಚೆಯ ಹೊಂಗೆಯ ಬುಡದಲ್ಲಾದರೋ ಎಲೆ ಬೇಗನೆ ಕೊಳೆತು ಕರಿಮಣ್ಣಾಗುತ್ತದೆ. ಮಳೆ ಒಂದೇ, ನೆಲ ಒಂದೇ. ಮರ ಮಾತ್ರ ಬೇರೆ. ಹೀಗೇಕೆ? ಈ ಪ್ರಶ್ನೆಗೆ ಒಂದು ಚರಿತ್ರೆಯೇ ಉಂಟು. ಅದನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಡೆನ್ಮಾರ್ಕ್ ದೇಶದ ಅರಣ್ಯತಜ್ಞ ಪೀಟರ್ ಎರಾಸ್ಮಸ್ ಮ್ಯೂಲರ್ 1878ರಲ್ಲಿ ತನ್ನ ನಾಡಿನ ಬೀಚ್ ಮರಗಳ ಕಾಡುಗಳನ್ನು ಕುರಿತು ಬರೆದನು. ಒಂದು ಬಗೆಯ ಕಾಡಿನಲ್ಲಿ ಎರೆಹುಳುಗಳು ತರಗೆಲೆಯನ್ನು ಮಣ್ಣಿನೊಡನೆ ಬೆರೆಸಿ ನೆಲವನ್ನು ಸಡಿಲವಾಗಿ ಇಟ್ಟಿದ್ದುವು. ಇನ್ನೊಂದರಲ್ಲಿ ಎಲೆಗಳು ಶಿಲೀಂಧ್ರದ ಎಳೆಗಳಿಂದ ಹೆಣೆದುಕೊಂಡು, ಹುಳಿಗೂಡಿದ ಚಾಪೆಯಂತೆ ನೆಲದ ಮೇಲೆ ಕುಳಿತಿದ್ದುವು. ಅಲ್ಲಿ ಎಳೆಯ ಸಸಿಗಳು ಮೇಲೇಳಲಾರದೆ ಹೋದುವು. ಮಣ್ಣಿನ ಗುಣ ಅದರ ಕಲ್ಲುಮರಳಿನಲ್ಲಿ ಮಾತ್ರವಲ್ಲದೆ ಅದರಲ್ಲಿ ಬಾಳುವ ಜೀವಿಗಳಲ್ಲಿಯೂ ಇದೆಯೆಂಬುದನ್ನು ಆತ ತೋರಿಸಿಕೊಟ್ಟನು.

ಮುಂದಿನ ಇಪ್ಪತ್ತು ವರ್ಷಗಳಲ್ಲಿ ಹಲವು ಬಾಗಿಲುಗಳು ತೆರೆದುವು. ಮರದ ಬೇರೂ ಶಿಲೀಂಧ್ರವೂ ಪರಸ್ಪರ ಉಪಕಾರದಿಂದ ಕೂಡಿ ಬಾಳುತ್ತವೆಂದು ಜರ್ಮನಿಯ ಫ್ರಾಂಕ್ 1885ರಲ್ಲಿ ಹೇಳಿದನು. ದ್ವಿದಳ ಸಸ್ಯಗಳ ಬೇರುಗಂಟಿನೊಳಗಿನ ಬ್ಯಾಕ್ಟೀರಿಯವನ್ನು ಹಾಲೆಂಡಿನ ಬೈಯರಿಂಕ್ 1888ರಲ್ಲಿ ಬೇರ್ಪಡಿಸಿದನು. ಜೀವಕೋಶವಿಲ್ಲದೆಯೂ ಯೀಸ್ಟಿನ ರಸವು ಸಕ್ಕರೆಯನ್ನು ಹುದುಗಿಸಬಲ್ಲುದೆಂದು ಬುಕ್ನರ್ 1897ರಲ್ಲಿ ತೋರಿಸಲು, ಕಿಣ್ವಗಳ ಶಾಸ್ತ್ರಕ್ಕೆ ಹೊಸ ನೆಲೆ ದೊರೆಯಿತು. 'ಕಿಣ್ವ'ವೆಂಬುದು ನಮಗೆ ಹೊಸ ಮಾತಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಮದ್ಯವನ್ನು ಹುದುಗಿಸುವ ದ್ರವ್ಯಕ್ಕೆ ಇದೇ ಹೆಸರು. ಇಂಥ ಕಿಣ್ವಗಳು ಮಣ್ಣಿನಲ್ಲಿಯೂ ಇವೆಯೆಂದು ಅಮೆರಿಕದ ವುಡ್ಸ್ 1899ರಲ್ಲಿ ತಿಳಿಸಿದನು.

ಇವುಗಳ ಕೆಲಸವೇನು? ಬಿದ್ದ ಎಲೆಯಲ್ಲಿ ಸಾರವಿದ್ದರೂ ಬೇರು ಅದನ್ನು ನೇರವಾಗಿ ಉಣ್ಣಲಾರದು. ಸೂಕ್ಷ್ಮಜೀವಿಗಳು ಮೊದಲು ಅಡುಗೆ ಮಾಡಬೇಕು. ಆ ಅಡುಗೆಯ ಉಪಕರಣಗಳೇ ಕಿಣ್ವಗಳು. ಫಾಸ್ಫಟೇಸ್ ಎಂಬುದು ಸಾವಯವ ಪದಾರ್ಥದಲ್ಲಿ ಸೆರೆಯಾದ ರಂಜಕವನ್ನು ಬಿಡಿಸುತ್ತದೆ. ಯೂರಿಯೇಸ್ ಯೂರಿಯವನ್ನು ಒಡೆದು ಅಮೋನಿಯ ಮಾಡುತ್ತದೆ. ಡಿಹೈಡ್ರೋಜಿನೇಸ್ ಬದುಕಿರುವ ಕೋಶದೊಳಗೆ ಮಾತ್ರ ದುಡಿಯುವುದರಿಂದ, ಅದನ್ನು ಅಳೆದರೆ ಮಣ್ಣಿನ ನಾಡಿ ಹಿಡಿದು ನೋಡಿದಂತೆ. ಈ ಜೀವಿಗಳಿಗೆ ಆಹಾರವನ್ನು ಒದಗಿಸುವುದು ಮರವೇ. ಅದು ಉದುರಿಸುವ ಎಲೆ, ಬೇರಿನಿಂದ ಒಸರುವ ರಸ, ಕೊಡುವ ನೆರಳು ತಂಪು, ಇವುಗಳಿಗೆ ತಕ್ಕಂತೆ ನೆಲದೊಳಗಿನ ಸಂಸಾರ ಹೆಚ್ಚುತ್ತದೆ ಅಥವಾ ಕುಗ್ಗುತ್ತದೆ.

ಈಗ ನಮ್ಮ ನಾಡಿಗೆ ಬರೋಣ. ಆಸ್ಟ್ರೇಲಿಯದ ನೀಲಗಿರಿ ಮರ ಸುಮಾರು 1790ರಲ್ಲಿ ಟಿಪ್ಪುವಿನ ಕಾಲದಲ್ಲಿ ನಂದಿಬೆಟ್ಟಕ್ಕೆ ಬಂದಿತೆಂದು ಅರಣ್ಯದ ಇತಿಹಾಸಕಾರರು ಹೇಳುತ್ತಾರೆ. 1843ರಲ್ಲಿ ನೀಲಗಿರಿ ಬೆಟ್ಟಗಳಲ್ಲಿ ಉರುವಲಿಗಾಗಿ ಅದರ ತೋಪುಗಳೆದ್ದುವು; ಕನ್ನಡದ ಹೆಸರೂ ಆ ಬೆಟ್ಟದ್ದೇ. ಕಾಗದ ಮತ್ತು ರೇಯಾನ್ ಕಾರ್ಖಾನೆಗಳ ಬೇಡಿಕೆ ಏರಿದ ಮೇಲೆ, 1970 ಮತ್ತು 1980ರ ದಶಕಗಳಲ್ಲಿ ಕೋಲಾರ, ಬೆಂಗಳೂರು, ತುಮಕೂರು ಜಿಲ್ಲೆಗಳ ರಾಗಿಯ ಹೊಲಗಳೂ ನೀಲಗಿರಿ ತೋಪುಗಳಾದುವು. 1983ರಲ್ಲಿ ತುಮಕೂರು ಜಿಲ್ಲೆಯ ರೈತರು ಅರಣ್ಯ ನರ್ಸರಿಗೆ ನುಗ್ಗಿ ನೀಲಗಿರಿ ಸಸಿಗಳನ್ನು ಕಿತ್ತೆಸೆದು, ಹುಣಿಸೆ ಮಾವುಗಳ ಬೀಜ ಬಿತ್ತಿದರು. 2017ರಲ್ಲಿ ಕರ್ನಾಟಕ ಸರ್ಕಾರ ನೀಲಗಿರಿ ಬೆಳೆಸುವುದನ್ನು ನಿಷೇಧಿಸಿತು.

ಜಗಳವೆಲ್ಲ ಹೆಚ್ಚಾಗಿ ನೀರಿನ ಸುತ್ತಲೇ ನಡೆಯಿತು. ಮಣ್ಣಿನ ಕಥೆಯೂ ಅಷ್ಟೇ ಗಂಭೀರವಾದುದು. ನೀಲಗಿರಿಯ ಎಲೆಯಲ್ಲಿ ಎಣ್ಣೆಯೂ ಒಗರು ಪದಾರ್ಥಗಳೂ ಹೆಚ್ಚು, ಸಾರಜನಕ ಕಡಿಮೆ. ಸೂಕ್ಷ್ಮಜೀವಿಗಳಿಗೆ ಅದು ಜೀರ್ಣಕ್ಕೆ ಕಷ್ಟ. ಬಿದ್ದ ಅಷ್ಟನ್ನೂ ಒಲೆಗೆಂದು ಗುಡಿಸಿಕೊಂಡು ಹೋದರೆ, ಕೆಲವೇ ವರ್ಷಗಳಿಗೊಮ್ಮೆ ಮರವನ್ನೂ ಕಡಿದು ಸಾಗಿಸಿದರೆ, ನೆಲಕ್ಕೆ ಉಳಿಯುವುದೇನು? ಸಹಜವಾದ ಕಾಡಿನ ಮಣ್ಣಿನೊಡನೆ ಹೋಲಿಸಿದಾಗ ಇಂಥ ತೋಪಿನ ಮಣ್ಣಿನಲ್ಲಿ ಕಿಣ್ವಗಳ ಚಟುವಟಿಕೆ ಸಾಮಾನ್ಯವಾಗಿ ಕಡಿಮೆಯೇ.

ಆದರೂ ನ್ಯಾಯವಾಗಿ ಒಂದು ಮಾತನ್ನು ಹೇಳಬೇಕು. ಹುಲ್ಲೂ ಇಲ್ಲದೆ ಕೊಚ್ಚಿಹೋದ ಬೋಳುನೆಲದಲ್ಲಿ ಯಾವ ಮರ ಬಂದರೂ ಮಣ್ಣಿಗೆ ಸ್ವಲ್ಪ ಜೀವ ಬರುತ್ತದೆ, ನೀಲಗಿರಿಯಿಂದಲೂ ಬರಬಹುದು. ದೋಷ ಮರದ್ದಷ್ಟೇ ಅಲ್ಲ. ಒಂದೇ ಜಾತಿಯನ್ನು ಸಾಲುಸಾಲಾಗಿ ನೆಟ್ಟು, ದಿಮ್ಮಿಯ ತೂಕವನ್ನು ಮಾತ್ರ ಲೆಕ್ಕಕ್ಕೆ ಹಿಡಿದ ನಮ್ಮದು. ಹೊಂಗೆ ದ್ವಿದಳ ಜಾತಿಯದು. ಅದರ ಬೇರುಗಂಟುಗಳಲ್ಲಿ ಗಾಳಿಯ ಸಾರಜನಕ ಹಿಡಿಯುವ ಜೀವಿಗಳಿವೆ. ಅದರ ಸೊಪ್ಪನ್ನು ಗದ್ದೆಗೆ ತುಳಿದ ನಮ್ಮ ಹಿರಿಯರು ಕಿಣ್ವದ ಲೆಕ್ಕವನ್ನು ಅರಿತವರಲ್ಲ. ಆದರೆ ಎಲೆಯ ಋಣ ನೆಲಕ್ಕೆ ಸಲ್ಲಬೇಕೆಂಬುದನ್ನು ಅರಿತಿದ್ದರು.

ವಾಚಕರೇ, ಶಾಲೆಯಲ್ಲೋ ಹೊಲದ ಬದುವಿನಲ್ಲೋ ಸಸಿ ನೆಡುವ ಸಂದರ್ಭ ನಿಮಗೂ ಬಂದೀತು. ಆಗ ಮರ ನಮಗೇನು ಕೊಡುತ್ತದೆಂದು ಕೇಳುವ ಮೊದಲು, ಅದರ ಎಲೆ ನೆಲಕ್ಕೇನು ಕೊಡುತ್ತದೆಂದು ಕೇಳಿರಿ. ಹಲವು ಜಾತಿಗಳನ್ನು ಬೆರೆಸಿ ನೆಡಿರಿ, ತರಗೆಲೆಗೆ ಬೆಂಕಿಯಿಡಬೇಡಿರಿ. ಉಳಿದ ದುಡಿಮೆಯನ್ನು ಕಣ್ಣಿಗೆ ಕಾಣದ ಆ ಕೆಲಸಗಾರರು ನಡೆಸಿಕೊಳ್ಳುತ್ತಾರೆ.