ನಮ್ಮ ದೇವಾಲಯದ ಕಟ್ಟಡವನ್ನು ಏನು ಮಾಡೋಣ? ಸಭೆ ಒಟ್ಟಾಗಿ ತೀರ್ಮಾನಿಸುವ ಬಗೆ

ನಂಜನಗೂಡಿನ ಕಪಿಲೆಯ ಮೇಲೆ ಒಂದು ಹಳೆಯ ಸೇತುವೆ ಇದೆ. 1735ರದ್ದು ಎಂದು ಹೇಳುತ್ತಾರೆ. ಬಹುಕಾಲ ರೈಲನ್ನೂ ರಸ್ತೆಯ ವಾಹನಗಳನ್ನೂ ಒಟ್ಟಿಗೇ ಹೊತ್ತಿತ್ತು. ಅಗಲವಾದ ರೈಲು ಹಳಿ ಬಂದಾಗ ಪಕ್ಕದಲ್ಲಿ ಹೊಸ ಸೇತುವೆ ಕಟ್ಟಿದರು, ಹಳೆಯದನ್ನು ಕೆಡವದೆ ಉಳಿಸಿದರು. ಅಲ್ಲಿಂದ ಟಿ. ನರಸೀಪುರ ತಾಲೂಕಿಗೆ ಹೋದರೆ ಸೋಮನಾಥಪುರದ ಕೇಶವ ದೇವಾಲಯ ಸಿಗುತ್ತದೆ. 13ನೇ ಶತಮಾನದ ಆ ಹೊಯ್ಸಳ ಗುಡಿಯಲ್ಲಿ ಪೂಜೆ ನಿಂತು ಎಷ್ಟೋ ಕಾಲವಾಗಿದ್ದರೂ 2023ರಲ್ಲಿ ಅದು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅದೇ ತಾಲೂಕಿನ ತಲಕಾಡಿನಲ್ಲಿ ಮರಳಿನಡಿ ಹುಗಿದುಹೋದ ಗುಡಿಗಳನ್ನು ಅಗೆದು ತೆಗೆದಿದ್ದಾರೆ. ಪೂಜೆ ಇಂದಿಗೂ ನಡೆಯುವ ಗುಡಿಯೂ ಅಲ್ಲೇ ಇದೆ. ಕಟ್ಟಡಗಳಿಗೆ ಒದಗಬಹುದಾದ ಭವಿಷ್ಯಗಳು ಎಷ್ಟು ಬಗೆಯವು ಎಂದು ಇಲ್ಲಿಯ ಜನರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ.

ನಮ್ಮ ಕಥೋಲಿಕ ಸಭೆಗಳಲ್ಲಿ ಮಾತ್ರ ಈ ಪ್ರಶ್ನೆ ಬಂದಾಗ ಗೊಂದಲವೇ ಹೆಚ್ಚು. ಹಳೆಯ ಚರ್ಚನ್ನು ಕೆಡವಿ ದೊಡ್ಡದು ಕಟ್ಟೋಣವೇ, ರಿಪೇರಿ ಮಾಡೋಣವೇ, ಹತ್ತು ಮನೆ ಉಳಿದಿರುವ ಉಪಕೇಂದ್ರದ ಪ್ರಾರ್ಥನಾಲಯವನ್ನು ಏನು ಮಾಡೋಣ, ಹಳೆಯ ಶಾಲೆಯ ಜಾಗವನ್ನು ಮಾರೋಣವೇ? ಯಾರು ತೀರ್ಮಾನಿಸಬೇಕು, ಯಾರ ಮಾತು ಕೇಳಬೇಕು ಎಂಬುದರ ಬಗ್ಗೆ ಪಾಲನಾ ಮಂಡಳಿಯ ಸದಸ್ಯರಿಗೇ ಸ್ಪಷ್ಟತೆ ಇರುವುದಿಲ್ಲ. ಆದ್ದರಿಂದ ಧರ್ಮಸಭೆಯ ಕಾನೂನು ಏನು ಹೇಳುತ್ತದೆ, ಮೈಸೂರು ಸೀಮೆಯ ಮತ್ತು ನಮ್ಮ ಕರಾವಳಿಯ ಇತಿಹಾಸ ಏನು ಕಲಿಸುತ್ತದೆ ಎಂಬುದನ್ನು ಓದುಗರ ಉಪಯೋಗಕ್ಕಾಗಿ ಇಲ್ಲಿ ಒಟ್ಟುಗೂಡಿಸಿದ್ದೇವೆ.

ಮೈಸೂರಿನ ಮತ್ತು ನಮ್ಮ ನಂಟು

ನಂಜನಗೂಡು, ಟಿ. ನರಸೀಪುರ ಎರಡೂ ಮೈಸೂರು ಧರ್ಮಪ್ರಾಂತ್ಯಕ್ಕೆ ಸೇರಿದ ತಾಲೂಕುಗಳು. ಮೈಸೂರು, ಮಂಡ್ಯ, ಚಾಮರಾಜನಗರ, ಕೊಡಗು ಜಿಲ್ಲೆಗಳ ಈ ಧರ್ಮಪ್ರಾಂತ್ಯಕ್ಕೂ ಕರಾವಳಿಗೂ ಹಳೆಯ ನೋವಿನ ನಂಟಿದೆ. 1784ರಲ್ಲಿ ನಮ್ಮ ಪೂರ್ವಜರನ್ನು ಸೆರೆಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಒಯ್ದದ್ದು ನಮ್ಮೆಲ್ಲರಿಗೂ ಗೊತ್ತು. ಆಗ ಇಲ್ಲಿ 27 ಚರ್ಚುಗಳು ನೆಲಸಮವಾದವು ಎಂಬುದು ಪರಂಪರೆಯಾಗಿ ಹೇಳಿಕೊಂಡು ಬಂದ ಲೆಕ್ಕ. 1799ರ ನಂತರ ಶ್ರೀರಂಗಪಟ್ಟಣದಲ್ಲಿ ಚದುರಿಹೋಗಿದ್ದ ಕ್ರೈಸ್ತರನ್ನು ಮತ್ತೆ ಒಂದುಗೂಡಿಸಲು ಬಂದವರು ಫ್ರೆಂಚ್ ಗುರು ಅಬ್ಬೆ ದ್ಯುಬುವಾ. ಗಂಜಾಮಿನ ಚರ್ಚು ಇಂದಿಗೂ ಅವರ ಹೆಸರಿನಲ್ಲೇ ಗುರುತಾಗುತ್ತದೆ. ಅವರು 1823ರಲ್ಲಿ ಭಾರತ ಬಿಟ್ಟರು.

ಇದನ್ನು ಹೇಳಲು ಕಾರಣವಿದೆ. ಕಟ್ಟಡ ಇಲ್ಲದೆಯೂ ಸಭೆ ಉಳಿಯಿತು, ಕರಾವಳಿಗೆ ಮರಳಿದವರು ಮತ್ತೆ ಕಟ್ಟಿದರು. ಹಾಗೆಂದು ಕಟ್ಟಡಕ್ಕೆ ಬೆಲೆಯಿಲ್ಲ ಎನ್ನಲಾಗದು. ಮರಳಿ ಬಂದವರು ಚರ್ಚುಗಳನ್ನು ಎದ್ದು ನಿಲ್ಲಿಸಲು ಎಷ್ಟು ಕಷ್ಟಪಟ್ಟರು ಎಂಬುದನ್ನು ನೋಡಿದರೆ ಸಾಕು.

ಮೈಸೂರು ನಗರದಲ್ಲೇ ಇನ್ನೊಂದು ಉದಾಹರಣೆ ಇದೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1843ರಲ್ಲಿ ಒಂದು ಚರ್ಚು ಕಟ್ಟಲಾಗಿತ್ತು. ಅದೇ ಸ್ಥಳದಲ್ಲಿ ದೊಡ್ಡ ದೇವಾಲಯ ಕಟ್ಟಲು 1933ರ ಅಕ್ಟೋಬರ್ 28ರಂದು ನಾಲ್ವಡಿ ಕೃಷ್ಣರಾಜ ಒಡೆಯರು ಶಿಲಾನ್ಯಾಸ ಮಾಡಿದರು. ಅದೇ ಇಂದಿನ ಸಂತ ಫಿಲೋಮಿನಾ ಮಹಾದೇವಾಲಯ. ಅದರ ಜೋಡಿ ಗೋಪುರಗಳ ಎತ್ತರ 175 ಅಡಿ. ಹಳೆಯ ಚರ್ಚು ಹೋಯಿತು, ಆದರೆ 1843ರ ಶಾಸನವನ್ನು ಬಿಸಾಡಲಿಲ್ಲ, ಹೊಸ ದೇವಾಲಯದಲ್ಲಿ ಇರಿಸಿದರು. ಹಳೆಯದನ್ನು ಕೆಡವಲೇಬೇಕಾದಾಗ ಏನು ಉಳಿಸಬೇಕು ಎಂಬುದನ್ನು ಮೊದಲೇ ಯೋಚಿಸುವವರಿಗೆ ಇದೊಂದು ಮಾದರಿ.

ಶೆಟ್ಟಿಹಳ್ಳಿ

ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯದು ಬೇರೆಯೇ ಕಥೆ. ಫ್ರೆಂಚ್ ಮಿಷನರಿಗಳು 1860ರ ಸುಮಾರಿಗೆ ಕಟ್ಟಿದ ಜಪಸರ ಮಾತೆಯ ಚರ್ಚು ಅದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದಾಗ ಊರು ಮುಳುಗಡೆಗೆ ಒಳಪಟ್ಟಿತು, ಜನರಿಗೆ ಬೇರೆಡೆ ಜಾಗ ಕೊಟ್ಟರು, ಚರ್ಚು ಮಾತ್ರ ಅಲ್ಲೇ ನಿಂತಿತು. ಮಳೆಗಾಲದಲ್ಲಿ ಅರ್ಧ ನೀರಿನಲ್ಲಿ, ಬೇಸಿಗೆಯಲ್ಲಿ ಒಣನೆಲದ ಮೇಲೆ. ಪತ್ರಿಕೆಗಳು ಇದನ್ನು 'ತೇಲುವ ಚರ್ಚು' ಎಂದು ಕರೆದವು. ಪ್ರವಾಸಿಗಳು ಬಂದರು, ಮದುವೆಯ ಫೋಟೋ ತೆಗೆಸಿಕೊಳ್ಳುವವರು ಬಂದರು, ಗೋಡೆಗಳ ಮೇಲೆ ಹೆಸರು ಕೆತ್ತುವವರೂ ಬಂದರು. ವರ್ಷವರ್ಷವೂ ನೀರು ಏರಿ ಇಳಿದು ಗೋಡೆಗಳು ಕುಸಿಯುತ್ತಿವೆ.

ಅಲ್ಲಿ ಊರು ಬಿಡುವ ತೀರ್ಮಾನ ಸಭೆಯ ಕೈಯಲ್ಲಿರಲಿಲ್ಲ, ಅಣೆಕಟ್ಟಿನ ಯೋಜನೆಯದಾಗಿತ್ತು. ಆದರೆ ಜನ ಹೋದ ಮೇಲೆ ಖಾಲಿ ಕಟ್ಟಡದ ಗತಿಯೇನು, ಅದಕ್ಕೆ ಹೊಣೆ ಯಾರು, ಬಲಿಪೀಠವಿದ್ದ ಜಾಗದಲ್ಲಿ ಯಾರು ಏನು ಮಾಡಬಹುದು ಎಂಬ ಪ್ರಶ್ನೆಗಳು ಹಾಗೇ ಉಳಿಯುತ್ತವೆ. ತೀರ್ಮಾನ ಮಾಡದೆ ಬಿಟ್ಟ ಕಟ್ಟಡದ ತೀರ್ಮಾನವನ್ನು ಮಳೆ ಮಾಡುತ್ತದೆ. 2018 ಮತ್ತು 2019ರಲ್ಲಿ ಕಬಿನಿಯ ಪ್ರವಾಹ ನಂಜನಗೂಡಿನ ಬೀದಿಗಳಿಗೆ ನುಗ್ಗಿದ್ದನ್ನು ಕಂಡವರಿಗೆ ಈ ಮಾತು ಅರ್ಥವಾದೀತು.

ಧರ್ಮಸಭೆಯ ಕಾನೂನು ಏನು ಹೇಳುತ್ತದೆ

1983ರ ಧರ್ಮಸಭೆಯ ಕಾನೂನು ಸಂಹಿತೆಯ ಪ್ರಕಾರ ಧರ್ಮಾಧ್ಯಕ್ಷರ ಲಿಖಿತ ಒಪ್ಪಿಗೆಯಿಲ್ಲದೆ ಯಾವ ಹೊಸ ಚರ್ಚನ್ನೂ ಕಟ್ಟುವಂತಿಲ್ಲ (ವಿಧಿ 1215). ಕಟ್ಟುವಾಗಲೂ ರಿಪೇರಿ ಮಾಡುವಾಗಲೂ ಪರಿಣತರ ಸಲಹೆ ಪಡೆಯಬೇಕು (ವಿಧಿ 1216). 'ನಮ್ಮ ಮೇಸ್ತ್ರಿ ಇದ್ದಾನೆ, ಅವನೇ ನೋಡಿಕೊಳ್ಳುತ್ತಾನೆ' ಎಂಬ ಮಾತಿಗೆ ಇಲ್ಲಿ ಜಾಗವಿಲ್ಲ.

ಚರ್ಚನ್ನು ಆರಾಧನೆಯಿಂದ ಬಿಡುಗಡೆ ಮಾಡುವುದು ವಿಧಿ 1222ರ ವಿಷಯ. ಕಟ್ಟಡ ಯಾವ ರೀತಿಯಲ್ಲೂ ಆರಾಧನೆಗೆ ಬಾರದಂತಾಗಿ, ರಿಪೇರಿಯೂ ಸಾಧ್ಯವಿಲ್ಲದಿದ್ದರೆ ಧರ್ಮಾಧ್ಯಕ್ಷರು ಅದನ್ನು ಲೌಕಿಕ ಬಳಕೆಗೆ ಬಿಡಬಹುದು. ಆದರೆ ಆ ಬಳಕೆ ಹೀನವಾಗಿರಬಾರದು. ಬೇರೆ ಗಂಭೀರ ಕಾರಣಗಳಿದ್ದರೆ ಅವರು ಮೊದಲು ಗುರುಗಳ ಮಂಡಳಿಯ ಅಭಿಪ್ರಾಯ ಕೇಳಬೇಕು, ಆ ಚರ್ಚಿನ ಮೇಲೆ ನ್ಯಾಯಯುತ ಹಕ್ಕಿರುವವರ ಒಪ್ಪಿಗೆ ಪಡೆಯಬೇಕು, ಆತ್ಮಗಳ ಹಿತಕ್ಕೆ ಧಕ್ಕೆಯಾಗದಂತೆ ನೋಡಿಕೊಳ್ಳಬೇಕು.

ಗಂಭೀರ ಕಾರಣ ಎಂದರೆ ಯಾವುದು? ಇಲ್ಲಿಯೇ ಹೆಚ್ಚಿನ ತಪ್ಪು ತಿಳುವಳಿಕೆ. 2013ರಲ್ಲಿ ಗುರುಗಳ ವಿಷಯ ನೋಡಿಕೊಳ್ಳುವ ವ್ಯಾಟಿಕನ್ನಿನ ವಿಭಾಗ ಹೊರಡಿಸಿದ ಮಾರ್ಗಸೂಚಿ, ಕಾರಣವು ಆ ನಿರ್ದಿಷ್ಟ ಚರ್ಚಿಗೇ ಸಂಬಂಧಿಸಿರಬೇಕು ಎನ್ನುತ್ತದೆ. ಎರಡು ಧರ್ಮಕೇಂದ್ರಗಳನ್ನು ಒಂದು ಮಾಡಿದ ಮಾತ್ರಕ್ಕೆ ಒಂದರ ಚರ್ಚನ್ನು ಮುಚ್ಚುವಂತಿಲ್ಲ. ಧರ್ಮಕೇಂದ್ರವನ್ನು ವಿಲೀನಗೊಳಿಸುವುದು ಬೇರೆ (ವಿಧಿ 515), ಚರ್ಚನ್ನು ಮುಚ್ಚುವುದು ಬೇರೆ. 2020ರ ಜುಲೈಯಲ್ಲಿ ಪ್ರಕಟವಾದ ಧರ್ಮಕೇಂದ್ರಗಳ ಕುರಿತ ನಿರ್ದೇಶನ ಇನ್ನೂ ನೇರವಾಗಿದೆ. ಗುರುಗಳ ಕೊರತೆ, ಜನಸಂಖ್ಯೆಯ ಇಳಿಕೆ, ಧರ್ಮಪ್ರಾಂತ್ಯದ ಹಣಕಾಸಿನ ಮುಗ್ಗಟ್ಟು ಇವುಗಳನ್ನೇ ಚರ್ಚು ಮುಚ್ಚಲು ನ್ಯಾಯವಾದ ಕಾರಣವೆಂದು ಒಪ್ಪಲಾಗದು ಎಂದು ಅದು ಹೇಳುತ್ತದೆ. ಮಕ್ಕಳೆಲ್ಲ ಕೆಲಸಕ್ಕೆಂದು ಮೈಸೂರಿಗೋ ಬೆಂಗಳೂರಿಗೋ ಹೋಗಿ ಹಿರಿಯರು ಮಾತ್ರ ಉಳಿದಿರುವ ಹಳ್ಳಿಯ ಸಭೆಯವರು ಇದನ್ನು ಗಮನಿಸಬೇಕು. ನೀವು ಕೆಲವೇ ಮಂದಿ ಎಂಬುದೊಂದೇ ನಿಮ್ಮ ಪ್ರಾರ್ಥನಾಲಯಕ್ಕೆ ಬೀಗ ಹಾಕಲು ಸಾಕಾಗುವುದಿಲ್ಲ.

ತೀರ್ಮಾನ ಲಿಖಿತವಾಗಿರಬೇಕು, ಕಾರಣಗಳನ್ನು ಸಂಕ್ಷೇಪವಾಗಿಯಾದರೂ ಕೊಟ್ಟಿರಬೇಕು (ವಿಧಿ 51). ಒಪ್ಪದವರು ತೀರ್ಮಾನ ತಿಳಿದ 10 ದಿನಗಳೊಳಗೆ ಅದನ್ನು ಹಿಂತೆಗೆಯುವಂತೆ ಧರ್ಮಾಧ್ಯಕ್ಷರನ್ನೇ ಬರೆದು ಕೇಳಬೇಕು. ಅದು ಫಲಿಸದಿದ್ದರೆ 15 ದಿನಗಳೊಳಗೆ ರೋಮಿಗೆ ಮೇಲ್ಮನವಿ ಸಲ್ಲಿಸಬಹುದು. ಇವು ಕಾನೂನು ಲೆಕ್ಕಕ್ಕೆ ಹಿಡಿಯುವ ದಿನಗಳು, ಬಹಳ ಕಡಿಮೆ. ಊರ ಜಗಲಿಯಲ್ಲಿ ಬೈದುಕೊಂಡು ಕೂತರೆ ಅವಧಿ ಮುಗಿದುಹೋಗುತ್ತದೆ.

ಮಾರಾಟ ಮತ್ತು ದಾನಿಗಳ ಉದ್ದೇಶ

ಆಸ್ತಿ ಮಾರುವುದಾದರೆ ನ್ಯಾಯವಾದ ಕಾರಣವೂ ಪರಿಣತರ ಲಿಖಿತ ಬೆಲೆ ನಿರ್ಧಾರವೂ ಬೇಕು (ವಿಧಿ 1293), ಸಾಮಾನ್ಯವಾಗಿ ಅದಕ್ಕಿಂತ ಕಡಿಮೆಗೆ ಕೊಡುವಂತಿಲ್ಲ. ನಿಗದಿತ ಮೊತ್ತ ಮೀರಿದರೆ ಧರ್ಮಪ್ರಾಂತ್ಯದ ಹಣಕಾಸು ಮಂಡಳಿ ಮತ್ತು ಸಲಹಾ ಗುರುಗಳ ಒಪ್ಪಿಗೆ ಬೇಕು, ಇನ್ನೂ ಮೀರಿದರೆ ರೋಮಿನದೂ ಬೇಕು.

ಜನ ಸುಲಭವಾಗಿ ಮರೆಯುವುದು ವಿಧಿ 1267ನ್ನು. ಒಂದು ಉದ್ದೇಶಕ್ಕೆ ಕೊಟ್ಟ ಕಾಣಿಕೆಯನ್ನು ಆ ಉದ್ದೇಶಕ್ಕೇ ಬಳಸಬೇಕು ಎಂದು ಅದು ಹೇಳುತ್ತದೆ. ಅಜ್ಜನೊಬ್ಬ ಮಕ್ಕಳ ಶಾಲೆಗೆಂದು ಕೊಟ್ಟ ಜಾಗದಲ್ಲಿ ಮದುವೆ ಹಾಲ್ ಎದ್ದರೆ ಅದು ಕೇವಲ ಮನಸ್ತಾಪದ ವಿಷಯವಲ್ಲ. ಹಳೆಯ ದಾನಪತ್ರ ಹುಡುಕಿ ತೆಗೆಯಿರಿ, ಪಹಣಿ, ಖಾತೆ, ಸರ್ವೆ ನಕ್ಷೆ ಯಾರ ಹೆಸರಲ್ಲಿದೆ ಎಂದು ನೋಡಿರಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ್ದ ಜಮೀನನ್ನು ಹಿಂದೆಂದೋ ಚರ್ಚು ಪಡೆದಿದ್ದರೆ ಕರ್ನಾಟಕದ 1978ರ ಕಾಯ್ದೆ ಅಡ್ಡ ಬರಬಹುದು. ವಕೀಲರನ್ನು ಕೇಳದೆ ಮುಂದುವರಿಯಬೇಡಿ. ನ್ಯಾಯದ ದೃಷ್ಟಿಯಿಂದ ನೋಡಿದರೆ ಆ ಕಾಯ್ದೆ ಬಡವರ ರಕ್ಷಣೆಗಾಗಿಯೇ ಬಂದದ್ದು, ಅದನ್ನು ತಪ್ಪಿಸುವ ದಾರಿ ಹುಡುಕುವುದು ಚರ್ಚಿಗೆ ಶೋಭೆಯಲ್ಲ ಎಂಬುದು ನಮ್ಮ ಅಭಿಪ್ರಾಯ.

ಮೊದಲು ಕಟ್ಟಡವನ್ನು ಕೇಳಿ

ಸಭೆ ಕರೆಯುವ ಮೊದಲು ಕಟ್ಟಡದ ಸ್ಥಿತಿ ಸರಿಯಾಗಿ ತಿಳಿಯಬೇಕು. ಹಳೆಯ ಚರ್ಚುಗಳ ಗೋಡೆ ಸುಣ್ಣದ ಗಾರೆಯದು. ಅದರ ಮೇಲೆ ಸಿಮೆಂಟ್ ಮೆತ್ತಿದರೆ ತೇವ ಹೊರಬರಲಾರದೆ ಒಳಗೇ ಕೊಳೆಯುತ್ತದೆ. ಆಮೇಲೆ 'ಗೋಡೆ ಹಾಳಾಗಿದೆ, ಕೆಡವಲೇಬೇಕು' ಎಂಬ ವರದಿ ಬರುತ್ತದೆ. ಗೋಡೆಯನ್ನು ಹಾಳುಮಾಡಿದ್ದು ಹಿಂದಿನ ರಿಪೇರಿ ಎಂದು ಯಾರೂ ಬರೆಯುವುದಿಲ್ಲ! ನೆರೆ ನೀರು ನಿಂತ ಗೋಡೆ ಪೂರ್ತಿ ಒಣಗುವ ಮೊದಲೇ ಗಾರೆ, ಬಣ್ಣ ಬಳಿಯಬಾರದು. ಎರೆಭೂಮಿ ಇರುವ ಕಡೆ ನೆಲ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದರಿಂದ ಗೋಡೆಯಲ್ಲಿ ಬಿರುಕು ಕಾಣುತ್ತದೆ. ಒಂದು ಮಳೆಗಾಲ, ಒಂದು ಬೇಸಿಗೆ ಬಿರುಕಿನ ಅಗಲವನ್ನು ಗುರುತು ಹಾಕಿ ನೋಡಿದ ಮೇಲೆಯೇ ಇಂಜಿನಿಯರ್ ಅಭಿಪ್ರಾಯ ಹೇಳಲಿ. ಸುಣ್ಣದ ಕೆಲಸ ಬಲ್ಲ ಇಂಜಿನಿಯರ್ ಆಗಿರಲಿ.

ಚಿತ್ರಗಳು, ಪ್ರತಿಮೆಗಳು, ಬಲಿಪೀಠದ ಕೆತ್ತನೆಗಳಿಗೂ ಇದೇ ಎಚ್ಚರ ಬೇಕು. ಮಂಗಳೂರಿನ ಸಂತ ಅಲೋಶಿಯಸ್ ಪ್ರಾರ್ಥನಾಲಯದಲ್ಲಿ ಅಂತೋನಿಯೋ ಮೊಸ್ಕೇನಿ ಬರೆದ ಚಿತ್ರಗಳನ್ನು 1990ರ ದಶಕದಲ್ಲಿ ಪರಿಣತರಿಂದಲೇ ಸರಿಪಡಿಸಲಾಯಿತು. ಆದ್ದರಿಂದಲೇ ಇಂದು ದೇಶವಿದೇಶದ ಜನ ಬಂದು ನೋಡುತ್ತಾರೆ. ಇನ್ನೊಂದೆಡೆ, ಹೆಸರು ಬೇಡ, ನಾವು ಕಂಡ ಒಂದು ಧರ್ಮಕೇಂದ್ರದಲ್ಲಿ ಹಳೆಯ ಬಲಿಪೀಠದ ತೇಗದ ಕೆತ್ತನೆ ಬಚ್ಚಲ ಒಲೆಗೆ ಹೋಯಿತು. ಅದರ ಫೋಟೋ ಕೂಡ ಉಳಿದಿಲ್ಲ. ಬೆಲೆಬಾಳುವ ಪ್ರತಿಮೆಗಳ ದುರಸ್ತಿಗೂ ಲಿಖಿತ ಅನುಮತಿ ಬೇಕೆಂದು ವಿಧಿ 1189 ಹೇಳುತ್ತದೆ.

ಸಭೆ ನಡೆಸುವುದು ಹೇಗೆ

ಪಾಲನಾ ಮಂಡಳಿಗೆ ಇರುವುದು ಸಲಹೆ ಕೊಡುವ ಅಧಿಕಾರ ಮಾತ್ರ (ವಿಧಿ 536). ಹಣಕಾಸು ಸಮಿತಿ ಮಾತ್ರ ಪ್ರತಿಯೊಂದು ಧರ್ಮಕೇಂದ್ರದಲ್ಲೂ ಇರಲೇಬೇಕು (ವಿಧಿ 537). ಹಾಗೆಂದು ಸಲಹೆ ಎಂದರೆ ಗುರುಗಳು ಮೊದಲೇ ತೀರ್ಮಾನಿಸಿದ್ದಕ್ಕೆ ಚಪ್ಪಾಳೆ ತಟ್ಟುವುದಲ್ಲ. ನಕ್ಷೆ ತಯಾರಾಗಿ ಕಾಂಟ್ರಾಕ್ಟರ್ ಗೊತ್ತಾದ ಮೇಲೆ ಕರೆಯುವ ಸಭೆ ಸಭೆಯೇ ಅಲ್ಲ.

2021ರಿಂದ 2024ರವರೆಗೆ ನಡೆದ ಸಿನೋಡ್ ಒಂದು ಸರಳ ಕ್ರಮವನ್ನು ಧರ್ಮಸಭೆಗೆ ರೂಢಿಮಾಡಿಸಿತು. ಸಣ್ಣ ಗುಂಪಿನಲ್ಲಿ ಪ್ರಾರ್ಥನೆಯ ನಂತರ ಪ್ರತಿಯೊಬ್ಬರೂ ತಮಗೆ ತೋಚಿದ್ದನ್ನು ಹೇಳುತ್ತಾರೆ, ಯಾರೂ ನಡುವೆ ಬಾಯಿ ಹಾಕುವುದಿಲ್ಲ. ಸ್ವಲ್ಪ ಮೌನ. ಎರಡನೇ ಸುತ್ತಿನಲ್ಲಿ ಇತರರ ಮಾತಿನಲ್ಲಿ ಮನಸ್ಸಿಗೆ ತಟ್ಟಿದ್ದನ್ನು ಮಾತ್ರ ಹೇಳಬೇಕು, ತಮ್ಮ ವಾದವನ್ನಲ್ಲ. ಮತ್ತೆ ಮೌನ. ಮೂರನೇ ಸುತ್ತಿನಲ್ಲಿ ಒಮ್ಮತ ಎಲ್ಲಿದೆ, ಭಿನ್ನಾಭಿಪ್ರಾಯ ಎಲ್ಲಿ ಉಳಿದಿದೆ ಎಂದು ಒಟ್ಟಾಗಿ ಗುರುತಿಸುತ್ತಾರೆ. ಕಟ್ಟಡದ ವಿಷಯಕ್ಕೆ ಇದು ಚೆನ್ನಾಗಿ ಒಗ್ಗುತ್ತದೆ. ಏಕೆಂದರೆ ಸಾಮಾನ್ಯ ಸಭೆಯಲ್ಲಿ ಇಬ್ಬರು ಮೂವರು ಗಟ್ಟಿ ದನಿಯವರೇ ಮಾತಾಡುತ್ತಾರೆ. ದಿನವೂ ಚರ್ಚು ಗುಡಿಸುವ ಅಮ್ಮ, ದೂರದ ಉಪಕೇಂದ್ರದಿಂದ ಬಸ್ಸಿಗೆ ಕಾದು ಬರುವ ಮುದುಕ, ಕಾರ್ಖಾನೆ ಕೆಲಸಕ್ಕೆಂದು ಹೊಸದಾಗಿ ಬಂದು ನೆಲೆಸಿದ ತಮಿಳು, ಮಲಯಾಳಿ ಕುಟುಂಬಗಳು ಬಾಯಿ ಬಿಡುವುದೇ ಇಲ್ಲ. ಊರು ಬಿಟ್ಟು ಹೋದವರನ್ನೂ ಕೇಳಬೇಕು, ಅವರ ತಂದೆತಾಯಿಯ ಸಮಾಧಿ ಅಲ್ಲಿದೆ. ಹಣ ಕಳಿಸುವವರೆಂಬ ಕಾರಣಕ್ಕೆ ಅವರ ಮಾತೇ ಕೊನೆಯದಾಗಬಾರದು ಅಷ್ಟೆ.

ಸಮಾಧಿಭೂಮಿಯ ವಿಷಯ ಬೇರೆಯಾಗಿಯೇ ಚರ್ಚಿಸಿರಿ. ಚರ್ಚು ಬೇರೆಡೆಗೆ ಹೋದರೂ ಸಮಾಧಿಗಳು ಹೋಗುವುದಿಲ್ಲ. ಬೇಲಿ ಯಾರು ಕಟ್ಟುತ್ತಾರೆ, ಮೃತರ ದಿನ ಬಲಿಪೂಜೆ ಯಾರು ಅರ್ಪಿಸುತ್ತಾರೆ ಎಂಬುದನ್ನು ಬರೆದಿಡಿ.

ಬಿಟ್ಟುಕೊಡಲೇಬೇಕಾದ ಕಟ್ಟಡದ ಮುಂದಿನ ಬಳಕೆಯ ಬಗ್ಗೆ 2018ರ ನವೆಂಬರಿನಲ್ಲಿ ರೋಮಿನ ಗ್ರೆಗೋರಿಯನ್ ವಿಶ್ವವಿದ್ಯಾಲಯದಲ್ಲಿ ವ್ಯಾಟಿಕನ್ನಿನ ಸಂಸ್ಕೃತಿ ಮಂಡಳಿ ಒಂದು ಸಮ್ಮೇಳನ ನಡೆಸಿ ಮಾರ್ಗಸೂಚಿ ಸಿದ್ಧಪಡಿಸಿತು. ಸಾಧ್ಯವಾದಷ್ಟೂ ಸೇವೆಗೆ, ಸಂಸ್ಕೃತಿಗೆ ಸಂಬಂಧಿಸಿದ ಬಳಕೆ ಇರಲಿ, ಊರ ಜನರನ್ನು ಸೇರಿಸಿಕೊಂಡು ತೀರ್ಮಾನಿಸಿ ಎಂಬುದು ಅದರ ಸಾರ. ಹಳ್ಳಿಯ ಪ್ರಾರ್ಥನಾಲಯ ಮಕ್ಕಳ ಓದುವ ಮನೆಯೋ, ವಾರಕ್ಕೊಮ್ಮೆಯ ಔಷಧಾಲಯವೋ ಆದರೆ ಊರಿನ ಇತರ ಧರ್ಮದವರಿಗೂ ಸಂತೋಷವೇ.

ಒಂದು ವೇಳೆ ಧರ್ಮಕೇಂದ್ರವೇ ವಿಲೀನವಾದರೆ ದೀಕ್ಷಾಸ್ನಾನ, ವಿವಾಹ, ಮರಣದ ಪುಸ್ತಕಗಳನ್ನು ಮೊದಲ ದಿನವೇ ಎಣಿಸಿ, ಪಟ್ಟಿ ಮಾಡಿ, ಸಹಿ ಪಡೆದು ಹೊಸ ಧರ್ಮಕೇಂದ್ರಕ್ಕೋ ಧರ್ಮಪ್ರಾಂತ್ಯದ ದಾಖಲೆ ಕೋಣೆಗೋ ಒಪ್ಪಿಸಬೇಕು. ಗೆದ್ದಲು ಕಟ್ಟಡದ ತೊಲೆಗಿಂತ ಮೊದಲು ಹತ್ತುವುದು ಪುಸ್ತಕಗಳಿಗೆ.